ಖಾಲಿ ಕುರ್ಚಿಗೆ ತಲೆಯಾಡಿಸಿದವಳು

ಆಮೇಲೆ ಏನಾಯಿತು? — ಅಂಪಾರೊ ಗಟ್ಟಿಯಾಗಿಯೇ ಕೇಳಿದಳು, ಕೋಣೆಯಲ್ಲಿ ಯಾರೂ ಇರಲಿಲ್ಲ, ಏ.ಸಿ. ಗುಂಯ್ಗುಡುತ್ತಿತ್ತು, ಎದುರಿಗೆ ಅಡಿಗೆಮನೆಯಿಂದ ತಾನೇ ಎಳೆದು ತಂದಿಟ್ಟ ಬಿಳಿ ಪ್ಲಾಸ್ಟಿಕ್ ಕುರ್ಚಿ, ಪರದೆಯ ಸಂದಿನಿಂದ ಬಂದ ಸೌದಿಯ ಜಿದ್ದಾ ನಗರದ ಬಿಸಿಲು ಅದರ ಕಾಲು ಹಿಡಿದು ಗೆರೆಯಾಗಿ ಮೇಲೇರುತ್ತಿತ್ತು, ಗೆರೆ ಕೂರುವ ಜಾಗ ಮುಟ್ಟುವ ಹೊತ್ತಿಗೆ ಇಳಿಹೊತ್ತಿನ ಅಸರ್ ಬಾಂಗ್ ಆಗುತ್ತದೆ, ಮನೆಕೆಲಸದ ಮೈಮೂನತ್ ನಮಾಜು ಮುಗಿಸಿ ಚಾ ತರುತ್ತಾಳೆ, ಕೊನೆಯ ಚಾ, ನಾಳೆ ಅವಳು ಊರಿಗೆ ಹೋಗುತ್ತಾಳೆ, ಹೋದರೆ ಹೋದಳು, ತಿರುಗಿ ಬರುವ ವೀಸಾ ಅಲ್ಲ ಅದು. ಈ ವರ್ಷ ಸಂಸಾರ ಇಟ್ಟುಕೊಂಡ ಹೊರಗಿನವರಿಗೆಲ್ಲ ತಲೆಗಿಷ್ಟು ಎಂದು ತೆರಿಗೆ ಬಂತಂತೆ, ಅವರಿರುವ ಅಜೀಜಿಯಾ ಬಡಾವಣೆಯ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆಯಂತೆ, ಮೈಮೂನತ್‌ಳ ಗಂಡ ಮೊಯ್ದು, ಅಂಪಾರೊಳ ಮಗ ಗೊನ್ಸಾಲೊನ ರೈಲು ಕಂಪೆನಿಯಲ್ಲಿ ಕಾರು ಓಡಿಸುವವನು, ಬ್ಯಾಚುಲರ್ ರೂಮು ಹುಡುಕಿದ್ದಾನಂತೆ — ಎಲ್ಲ ಅಂತೆ, ಎಲ್ಲ ಗೊನ್ಸಾಲೊ ಹೇಳಿದ್ದು, ದಿನವೂ ಎದುರಿಗೇ ಓಡಾಡುವವಳ ಬಾಯಿಂದ ಒಂದನ್ನೂ ಕೇಳಲಿಲ್ಲ. ಕೇಳುವುದಕ್ಕೇ ಹೆಸರಾದವಳು ನೀನು, ಅಂಪಾರೊ. ಇಡೀ ಸ್ಪೇನಿನ ಕಿವಿ ಎಂದು ಬರೆದಿದ್ದರಲ್ಲ ಪತ್ರಿಕೆಯವರು, ಮುಖಪುಟದಲ್ಲಿ ಫೋಟೋ ಹಾಕಿ, ಆ ಫೋಟೋದಲ್ಲಿ ನೀನು ಯಾರನ್ನು ನೋಡುತ್ತಿದ್ದೆ ಎಂದು ಯಾರೂ ವಿಚಾರಿಸಲಿಲ್ಲ.

ಕ್ಯಾಮರಾ ಒಂದೇ ಇತ್ತು, ತಪ್ಪು ಅದರದ್ದು ಎಂದು ಎಷ್ಟು ವರ್ಷ ಸಮಾಧಾನ ಮಾಡಿಕೊಂಡಳು — ಮ್ಯಾಡ್ರಿಡ್ಡಿನ ಟಿ.ವಿ. ಸ್ಟುಡಿಯೋದಲ್ಲಿ ಹೂದಾನಿಯ ಪಕ್ಕ ಕೂತು ಮುಂದಿನ ಕಾರ್ಯಕ್ರಮದ ಹೆಸರು ಹೇಳಿ ನಗಲು ಇಟ್ಟುಕೊಂಡ ಹುಡುಗಿ, ಸುದ್ದಿ ಓದುತ್ತೇನೆ ಎಂದಾಗ ಗಂಡಸರೆಲ್ಲ ನಕ್ಕರು, ಹೆಂಗಸಿನ ದನಿಯಲ್ಲಿ ಸಾವಿನ ಸುದ್ದಿ ಬಂದರೆ ಯಾರು ನಂಬುತ್ತಾರೆ ಮಗಳೇ, ಓದಿದಳು, ನಂಬಿದರು, ಮೈಕು ಹಿಡಿದು ಬೀದಿಗಿಳಿದಳು, ಅವಳಿಗಿಂತ ಮೊದಲು ಯಾವ ಹೆಂಗಸೂ ಹಾಗೆ ಇಳಿದಿರಲಿಲ್ಲ, ಅಜ್ಜಿ ಮಾತ್ರ ಜಪಸರ ಎಣಿಸುತ್ತ, ಕೇಳುವುದೂ ಪ್ರಾರ್ಥನೆಯೇ ಕೂಸೇ, ಬಾಯಿಗಿಂತ ಕಿವಿಗೆ ಪುಣ್ಯ ಹೆಚ್ಚು ಎಂದಿದ್ದಳು, ಆ ಮಾತನ್ನು ಪ್ರಶಸ್ತಿ ತೆಗೆದುಕೊಳ್ಳುವಾಗ ಭಾಷಣದಲ್ಲಿ ಸೇರಿಸಿದ್ದಳು, ಚಪ್ಪಾಳೆ ಬಿತ್ತು — ಆ ದಿನಗಳಲ್ಲೇ ಒಮ್ಮೆ, ಸ್ಪೇನಿನ ಕಡಲಂಚಿನ ಗಲೀಸಿಯಾದ ಮೀನುಗಾರರ ಊರು, ಮುಳುಗಿದ ದೋಣಿ, ಮಗನನ್ನು ಕಡಲಿಗೆ ಕೊಟ್ಟ ತಾಯಿ, ಕಪ್ಪು ಶಾಲು, ಬೆತ್ತದ ಕುರ್ಚಿ. ಒಂದೇ ಕ್ಯಾಮರಾ ಎಂದ ಮೇಲೆ ಅದು ಮಾತಾಡುವವರ ಮುಖದ ಮೇಲೇ ಇರಬೇಕು, ಕೇಳುವವಳ ಮುಖವನ್ನು ತೆಗೆಯುವುದು ಆಮೇಲೆ, ಅವರು ಎದ್ದು ಹೋದ ಮೇಲೆ, ಖಾಲಿ ಕುರ್ಚಿ ನೋಡುತ್ತ ಮರುಕದಿಂದ ತಲೆಯಾಡಿಸುತ್ತ ಹೋಗುವುದು, ಎರಡನ್ನೂ ಕತ್ತರಿಸಿ ಅಂಟಿಸಿದರೆ ಮುಗಿಯಿತು, ಎಲ್ಲರೂ ಮಾಡುತ್ತಿದ್ದದ್ದೇ, ಇದರಲ್ಲಿ ಮೋಸವೇನು ಬಂತು. ತಾಯಿ ಮಾತಾಡುತ್ತಿದ್ದಾಗ ಅಂಪಾರೊಳ ಕಣ್ಣು ರೀಲು ಎಷ್ಟು ಉಳಿದಿದೆಯೆಂದು ಬೆರಳು ತೋರಿಸುತ್ತಿದ್ದ ಕ್ಯಾಮರಾದವನ ಮೇಲೆ, ಮನಸ್ಸು ಮುಂದಿನ ಪ್ರಶ್ನೆಯ ಮೇಲೆ, ಆಮೇಲೆ ಏನಾಯಿತು ಎಂದು ತಾನು ಕೇಳಿದ್ದು ನೆನಪಿದೆ, ತಾಯಿ ಏನೋ ಹೇಳಿದ್ದು ನೆನಪಿದೆ, ಏನೆಂದು ನೆನಪಿಲ್ಲ, ರೀಲು ಅಷ್ಟರಲ್ಲಿ ಮುಗಿದಿತ್ತು, ಆದ್ದರಿಂದ ಆ ಮಾತು ಎಲ್ಲಿಯೂ ಇಲ್ಲ, ಲೋಕದಲ್ಲಿ ಒಬ್ಬರ ಕಿವಿಗೆ ಮಾತ್ರ ಬಿದ್ದ ಮಾತು, ಆ ಕಿವಿಯೂ ಅದನ್ನು ಇಟ್ಟುಕೊಳ್ಳಲಿಲ್ಲ. ತಾಯಿ ಹೋದಳು. ಹೊಸ ರೀಲು ಹಾಕಿದರು. ಕುರ್ಚಿಯ ಬೆತ್ತ ಅವಳು ಕೂತಿದ್ದಲ್ಲಿ ಸ್ವಲ್ಪ ತಗ್ಗಿತ್ತು, ಅದನ್ನೇ ನೋಡುತ್ತ ಅಂಪಾರೊ ತಲೆಯಾಡಿಸಿದಳು, ಕಣ್ಣು ತೇವವಾಯಿತು, ಬೇಕೆಂದಾಗ ಆಗುತ್ತಿತ್ತು, ಚೆನ್ನಾಗಿದೆ ಇನ್ನೊಮ್ಮೆ ಎಂದ ಕ್ಯಾಮರಾದವನು, ಇನ್ನೊಮ್ಮೆ ಆಡಿಸಿದಳು, ಕೊಡೆ ಮರೆತುಹೋಗಿದ್ದ ತಾಯಿ ತಿರುಗಿ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ತನ್ನ ಖಾಲಿ ಕುರ್ಚಿಯನ್ನು ನೋಡಿದಳು, ಅದಕ್ಕೆ ಅಳುತ್ತಿದ್ದವಳನ್ನು ನೋಡಿದಳು, ಗೋಡೆಗೊರಗಿದ್ದ ಕೊಡೆ ತೆಗೆದುಕೊಂಡು ಹೋದಳು. ಬೈದಿದ್ದರೆ ಆಗುತ್ತಿತ್ತು. ಬೈಗುಳವಾದರೂ ನೆನಪಿನಲ್ಲಿ ಉಳಿಯುತ್ತಿತ್ತು.

ಎಂತ ಅಮ್ಮ, ಕೋಲೆ ಬಸವನ ಹಾಗೆ ಎಲ್ಲದಕ್ಕೂ ತಲೆ ಆಡಿಸುದು? — ಮೈಮೂನತ್ ಕೆಲಸಕ್ಕೆ ಬಂದ ಹೊಸತರಲ್ಲೇ ಕೇಳಿದ್ದಳು, ಅರ್ಧ ಇಂಗ್ಲಿಷು, ಕಾಲು ಅರಬಿ, ಮಿಕ್ಕದ್ದು ಮಂಗಳೂರಿನ ಕಡೆಯ ಮಾತು, ಎಂತ ಅಂದರೆ ಏನೆಂದು ಅಂಪಾರೊಗೆ ಬೇಗ ತಿಳಿಯಿತು, ಕೋಲೆ ಬಸವನನ್ನು ಮಾತ್ರ ಮೈಮೂನತ್ ಅಭಿನಯಿಸಿಯೇ ತೋರಿಸಬೇಕಾಯಿತು, ಸಿಂಗಾರದ ಎತ್ತನ್ನು ಮನೆಬಾಗಿಲಿಗೆ ತರುತ್ತಾರಂತೆ, ಮಳೆ ಉಂಟಾ ಎಂದರೂ ತಲೆ, ಮದುವೆ ಉಂಟಾ ಎಂದರೂ ತಲೆ, ಪಾಪ ಅದಕ್ಕೆ ಒಂದೂ ಕೇಳುದಿಲ್ಲ ಅಮ್ಮ, ಅಭ್ಯಾಸ ಅಷ್ಟೇ. ಅಂಪಾರೊಗೆ ನಗು ಬಂದಿತ್ತು, ಗೊನ್ಸಾಲೊಗೂ ಹೇಳಿ ನಕ್ಕಿದ್ದಳು. ಮೈಮೂನತ್ ಕೇಳುವ ರೀತಿಯೇ ಬೇರೆ, ಫೋನಿನಲ್ಲಿ ಕುರ್‌ಆನ್ ಪಾರಾಯಣ ಹಾಕಿ ಕೂತರೆ ಸೋಸುತ್ತಿದ್ದ ಸೊಪ್ಪು ಕೈಯಲ್ಲೇ ಉಳಿಯುತ್ತದೆ, ತಲೆ ಅಲುಗುವುದಿಲ್ಲ, ಮುಖದಲ್ಲಿ ಏನೂ ತೋರುವುದಿಲ್ಲ, ಕ್ಯಾಮರಾಕ್ಕೆ ಉಪಯೋಗವಿಲ್ಲದ ಮುಖ, ಇಂಥ ಮುಖವನ್ನು ನೀನು ಕತ್ತರಿಸಿ ಹಾಕುತ್ತಿದ್ದೆ ಅಂಪಾರೊ, ನಿನ್ನ ಕೈಕೆಳಗೆ ಕಲಿಯಲು ಬಂದ ಹುಡುಗಿಯರಿಗೆಲ್ಲ ತಲೆಯಾಡಿಸುವುದು ಹೇಗೆಂದು ಹೇಳಿಕೊಟ್ಟೆ, ನಿಧಾನ, ಗಲ್ಲ ಸ್ವಲ್ಪ ಕೆಳಗೆ — ಹೋದ ರಂಜಾನಿನ ಮುಂಚೆ ಮೈಮೂನತ್‌ಳ ತಾಯಿ ತೀರಿಹೋದದ್ದು. ಹೋಗಲಾಗಲಿಲ್ಲ, ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ನವೀಕರಣಕ್ಕೆ ಹೋಗಿತ್ತು, ಅದು ಕೈಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಮರುದಿನವೂ ಕೆಲಸಕ್ಕೆ ಬಂದಳು, ಚಾ ಕೊಟ್ಟಳು, ಎಂದೂ ಕೂರದವಳು ಇದೇ ಕುರ್ಚಿಯಲ್ಲಿ ಕೂತಳು, ನನ್ನ ಉಮ್ಮ ಬೀಫಾತುಮ್ಮ ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಚಾಪೆ ಹಾಸಿ ಬೈತ್ ಹಾಡುತ್ತಿದ್ದರು ಅಮ್ಮ, ದೇವರ ಪದ್ಯ, ಕಡೆಗೆ ಮಕ್ಕಳ ಹೆಸರೆಲ್ಲ ಮರೆತುಹೋಯಿತು, ಬೈತ್ ಮರೆಯಲಿಲ್ಲ, ಮೊನ್ನೆ ಫೋನಿನಲ್ಲಿ ಹಾಡುತ್ತ ಹಾಡುತ್ತ ನಡುವೆ ನಿಲ್ಲಿಸಿ ನನಗೆ ಒಂದು ಮಾತು ಹೇಳಿದರು — ಅಂಪಾರೊ ತಲೆಯಾಡಿಸುತ್ತಿದ್ದಳು, ಗಲ್ಲ ಕೆಳಗೆ, ಕಣ್ಣು ತೇವ, ಆ ಕಣ್ಣು ಮೈಮೂನತ್‌ಳ ಭುಜದಾಚೆ ದನಿಯಿಲ್ಲದೆ ಓಡುತ್ತಿದ್ದ ಟಿ.ವಿ.ಯ ಮೇಲೆ, ಹೊಸ ಹುಡುಗಿಯೊಬ್ಬಳು ಸುದ್ದಿ ಓದುತ್ತಿದ್ದಳು, ಇವಳು ಮೈಕು ಹಿಡಿದದ್ದು ಸರಿಯಿಲ್ಲವಲ್ಲ ಎಂದು ಅಂಪಾರೊ ಅಂದುಕೊಳ್ಳುತ್ತಿದ್ದಳು, ಆಮೇಲೆ ಏನಾಯಿತು ಎಂದು ಬಾಯಿ ತಾನಾಗಿ ಕೇಳಿತು, ತಲೆ ಆಡುತ್ತಲೇ ಇತ್ತು, ಎದುರಿನ ಕುರ್ಚಿ ಯಾವಾಗಲೋ ಖಾಲಿಯಾಗಿತ್ತು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಅಂದಿನಿಂದ ಚಾ ಬರುತ್ತದೆ, ಮಾತ್ರೆ ಬರುತ್ತದೆ, ಹೂಂ ಅಮ್ಮ, ಆಯಿತು ಅಮ್ಮ, ಕೋಲೆ ಬಸವನ ಮಾತಿಲ್ಲ.

ಬಾಂಗ್ ಆಯಿತು, ಒಂದು ಮಸೀದಿಯದು ಮುಗಿಯುವ ಮೊದಲೇ ಇನ್ನೊಂದರದ್ದು ಎದ್ದಿತು, ನೀರಿನ ಸದ್ದು, ಆಮೇಲೆ ನಮಾಜಿನ ಮೌನ, ಈ ಸಲ ಕೇಳುತ್ತೇನೆ ದೇವರೇ, ಒಂದೇ ಒಂದು ಸಲ, ಅಲ್ಲಿ ಕಡಲ ದಂಡೆಯಲ್ಲಿ ಬಿದ್ದುಹೋದದ್ದನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ, ನಾಳೆ ಆದರೆ ಆಗುವುದಿಲ್ಲ. ಮೈಮೂನತ್ ಚಾ ತಂದಳು, ಟಿ.ವಿ.ಯ ಕಪ್ಪು ಪರದೆಯ ಕಡೆ ನೋಡಿದಳು, ಗೋಡೆಯಿಂದ ಕಿತ್ತ ವೈರು ನೋಡಿದಳು, ಟಿ.ವಿ. ಎಂತ ತಪ್ಪು ಮಾಡಿತು ಅಮ್ಮ? ಬಿ.ಪಿ. ಮಾತ್ರೆ ಕೆಂಪು ಮುಚ್ಚಳದ ಡಬ್ಬಿಯಲ್ಲುಂಟು, ಗೊನ್ಸಾಲೊ ಸಾರ್‌ಗೆ ತೋರಿಸಿ ಕೊಟ್ಟಿದ್ದೇನೆ, ಚಾಕ್ಕೆ ಸಕ್ಕರೆ ಜಾಸ್ತಿ ಕೇಳಬೇಡಿ, ಹೊಸತಾಗಿ ಬರುವವಳು ಪಾಪದವಳು, ನೀವು ಕೇಳಿದರೆ ಹಾಕಿಬಿಡುತ್ತಾಳೆ. ಕೂತುಕೋ ಮೈಮೂನತ್ ಎಂದಳು ಅಂಪಾರೊ. ಬಿಸಿಲಿನ ಗೆರೆ ಕೂರುವ ಜಾಗಕ್ಕೆ ಬಂದಿತ್ತು. ನಿನ್ನ ಉಮ್ಮ ಹಾಡು ನಿಲ್ಲಿಸಿ ಒಂದು ಮಾತು ಹೇಳಿದರಲ್ಲ, ಆವತ್ತು ನಾನು ಕೇಳಿಸಿಕೊಳ್ಳಲಿಲ್ಲ, ಈಗ ಹೇಳು, ನಾನು ತಲೆಯಾಡಿಸುವುದಿಲ್ಲ — ಎಂದು ಎರಡೂ ಕೈಗಳಿಂದ ತನ್ನ ಗಲ್ಲವನ್ನು ಹಿಡಿದುಕೊಂಡಳು. ಮೈಮೂನತ್ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು, ಕೂರುತ್ತಾಳೆ ಎನಿಸಿತು, ಕೂರಲಿಲ್ಲ, ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ, ಪಾರಾಯಣ ಕೇಳುವಾಗಿನ ಅದೇ ಮುಖ.

ಇಲ್ಲ ಅಮ್ಮ. ಅದನ್ನು ನಾನು ನಿಮಗೆ ಹೇಳುದಿಲ್ಲ.

ಹಿಡಿದ ಕೈಗಳ ನಡುವೆಯೇ ತಲೆ ಮೆಲ್ಲಗೆ ಆಡುತ್ತಿತ್ತು, ನಿಧಾನ, ಗಲ್ಲ ಸ್ವಲ್ಪ ಕೆಳಗೆ, ಎದುರಿಗೆ ಕುರ್ಚಿ, ಖಾಲಿ ಕುರ್ಚಿ, ಕುರ್ಚಿ —