ರೇಡಿಯೇಟರ್ ಹೊದ್ದಿದ್ದ ಕಂಬಳಿ

ನನ್ನಿವಾಳದ ಮೂಡಲಗಿರಿಯಪ್ಪ ಬಾಡಿಗೆಗೆ ಓಡಿಸುತ್ತಿದ್ದ ಕಾರಿಗೆ ಒಂದು ವಿಚಿತ್ರ ಕಾಯಿಲೆ ಹತ್ತಿಕೊಂಡಿತ್ತು. ಎಸಿ ಹಾಕದೆ ಓಡಿಸಿದರೆ ಬಳ್ಳಾರಿಗೆ ಹೋಗಿ ಬಂದರೂ ತಕರಾರಿಲ್ಲ. ಎಸಿ ಗುಂಡಿ ಒತ್ತಿದರೆ ಮಾತ್ರ ಹತ್ತಿಪ್ಪತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಲು ಶುರುಮಾಡುತ್ತಿತ್ತು. ಒಬ್ಬ ಮೆಕ್ಯಾನಿಕ್ ನೀರು ಬದಲಿಸಿದ. ಇನ್ನೊಬ್ಬ ಎಸಿಗೆ ಗ್ಯಾಸ್ ತುಂಬಿದ. ಮುಳ್ಳು ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ಗಿರಿಯಪ್ಪ ತಾನೇ ತೀರ್ಮಾನ ಮಾಡಿಬಿಟ್ಟಿದ್ದ: ಎಸಿ ಅನ್ನುವುದೇ ಎಂಜಿನ್ನಿಗೆ ಶತ್ರು, ಅದರ ತಂಟೆಗೆ ಹೋಗಬಾರದು.

ಎರಡು ಸಾವಿರದ ಒಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನ ಹೆಂಡತಿಯ ಅಕ್ಕ ಕೆಂಚಕ್ಕನಿಗೆ ಚಳ್ಳಕೆರೆಯಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವಳನ್ನು ಮೊಳಕಾಲ್ಮುರು ಹತ್ತಿರದ ಅವಳ ಊರಿಗೆ ಬಿಡುವ ಕೆಲಸ ಗಿರಿಯಪ್ಪನ ಪಾಲಿಗೆ ಬಂತು. ಕೆಂಚಕ್ಕನ ಮಗಳು ಪುಷ್ಪಲತಾ ಜೊತೆಗಿದ್ದಳು. ಚಳ್ಳಕೆರೆಯ ಐಟಿಐನಲ್ಲಿ ಹುಡುಗರಿಗೆ ಎಂಜಿನ್ ಕೆಲಸ ಕಲಿಸುವ ಮೇಡಂ ಅವಳು.

"ಧೂಳು ತಾಗಬಾರದು, ಬೆವರು ಇಳಿಯಬಾರದು ಅಂದವ್ರೆ ಡಾಕ್ಟ್ರು. ಗ್ಲಾಸು ಏರ್ಸಿ ಎಸಿ ಹಾಕು ಚಿಕ್ಕಪ್ಪ," ಅಂದಳು ಪುಷ್ಪಲತಾ.

ಗಿರಿಯಪ್ಪ ಗೊಣಗಿದ. "ಹಾಕ್ತೀನಿ ಕಣವ್ವ. ಆದ್ರೆ ಈ ಗಾಡಿಗೆ ಎಸಿ ಆಗಿಬರಾಕಿಲ್ಲ. ಆಮ್ಯಾಕೆ ನನ್ನ ಬಯ್ಬೇಡ."

ತಳಕು ದಾಟಿತು. ಮುಂದೆ ಶೇಂಗಾ ಮೂಟೆ ಹೇರಿದ ಲಾರಿಯೊಂದು ಏರಿನಲ್ಲಿ ತೆವಳುತ್ತಿತ್ತು. ಅದರ ಹಿಂದೆ ನಿಧಾನವಾಗಿ ಹೋಗುತ್ತಿದ್ದಂತೆ ಮುಳ್ಳು ಮೆಲ್ಲಗೆ ಎದ್ದಿತು. ಅರ್ಧ ದಾಟಿತು. ಕೆಂಪು ಗೆರೆಯ ಹತ್ತಿರ ಬಂತು. ಎಂಜಿನ್ ಸುಟ್ಟುಹೋದರೆ ಅವನ ಬದುಕೇ ನಿಂತಂತೆ. ಜೊತೆಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸನ್ನು ಈ ಉರಿಬಿಸಿಲಿನಲ್ಲಿ ರಸ್ತೆಯಲ್ಲಿ ಇಳಿಸುವುದು ಹೇಗೆ?

"ಚಿಕ್ಕಪ್ಪ, ಎಸಿ ಆಫ್ ಮಾಡು. ಗ್ಲಾಸು ಇಳ್ಸು. ಹೀಟರ್ ಫುಲ್ ಇಡು," ಅಂದಳು ಪುಷ್ಪಲತಾ. ಅವ್ವನ ಮುಖದ ತುಂಬ ಸೆರಗು ಮುಚ್ಚಿದಳು.

"ಹೀಟರಾ? ತಲೆ ನೆಟ್ಟಗೈತೇನೆ ನಿಂಗೆ? ಬೇಯ್ತಾ ಇರೋ ಎಂಜಿನ್ನಿಗೆ ಬಿಸಿ ಹಾಕ್ಲಾ?"

"ನೀ ಹಾಕು. ಮುಳ್ಳು ನೋಡ್ತಾ ಇರು."

ಬೇರೆ ದಾರಿ ಕಾಣದೆ ಗಿರಿಯಪ್ಪ ಎಸಿ ಆರಿಸಿ, ಗ್ಲಾಸು ಇಳಿಸಿ, ಹೀಟರಿನ ಹಿಡಿಯನ್ನು ಕೆಂಪಿನ ಕಡೆಗೆ ತಿರುಗಿಸಿದ. ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕೆಂಚಕ್ಕ, "ಅಯ್ಯೋ ದೇವುಡಾ!" ಅಂತ ನರಳಿದಳು. ಗಿರಿಯಪ್ಪ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅದು ನಿಂತಿತು. ನಡುಗಿದಂತಾಯಿತು. ಆಮೇಲೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ ಇಳಿಯತೊಡಗಿತು.

ಬಿಸಿ ಹಾಕಿದರೆ ತಣ್ಣಗಾಗುವುದೆಂದರೇನು?

ಬೇವಿನ ಮರವೊಂದು ಸಿಕ್ಕ ಕೂಡಲೇ ಗಾಡಿ ನೆರಳಿಗೆ ಹಾಕಿದರು. ಗಿರಿಯಪ್ಪ ಬಾನೆಟ್ ಎತ್ತಿದವನೇ ಒದ್ದೆ ಬಟ್ಟೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದ. ಪುಷ್ಪಲತಾ ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು. ತನ್ನ ಬಲತೋಳು ಚಾಚಿ ತೋರಿಸಿದಳು. ಮೊಣಕೈವರೆಗೂ ಸುಟ್ಟ ಕಲೆ.

"ನಾನು ಓದೋವಾಗ ಹಿಂಗೇ ತೆಗ್ದಿದ್ದೆ. ಒಳಗೆ ನೀರು ಕುದ್ದು ಒತ್ಕೊಂಡಿರ್ತೈತೆ. ಮುಚ್ಚಳ ಸಡ್ಲ ಆದ್ರೆ ಚಿಮ್ಮಿ ಮುಖಕ್ಕೇ ಹೊಡೀತೈತೆ. ಪೂರ್ತಿ ತಣ್ಣಗಾಗೋವರ್ಗೂ ಮುಟ್ಬಾರ್ದು."

ಗಿರಿಯಪ್ಪ ಮರದ ಬುಡದಲ್ಲಿ ಕೂತ. ಕೂತವನೇ ಕೇಳಿದ. "ಅಲ್ಲ ಪುಷ್ಪ, ಆ ಬಿಸಿಗಾಳಿ ಅದೇನು ಮಾಡ್ತು?"

"ಹೀಟರ್ ಅಂದ್ರೆ ಬೇರೆ ಒಲೆ ಅಲ್ಲ ಚಿಕ್ಕಪ್ಪ. ಎಂಜಿನ್ ಸುತ್ತ ಓಡೋ ಬಿಸಿನೀರೇ ಡ್ಯಾಶ್‌ಬೋರ್ಡ್ ಹಿಂದಕ್ಕೂ ಬರ್ತೈತೆ. ಎಂಜಿನ್ನಿನ ಕಾವನ್ನೇ ನಮ್ಮ ಮುಖದ ಮ್ಯಾಲೆ ಚೆಲ್ಲಿದ್ವಿ. ಅಷ್ಟು ಕಾವು ಅದಕ್ಕೆ ಕಮ್ಮಿ ಆಯ್ತು."

"ಹಂಗಾದ್ರೆ ಎಸಿ?"

"ಅದು ಒಳಗಿನ ಕಾವು ಎತ್ತಿ ಹೊರಗೆ ಹಾಕ್ತೈತೆ. ನೋಡು, ಮುಂದ್ಗಡೆ ಎರಡು ಜಾಲರಿ ಅವೆ. ಮೊದ್ಲನೇದು ಎಸಿದು, ಹಿಂದಿಂದು ರೇಡಿಯೇಟರು. ಎಸಿ ಬಿಟ್ಟ ಬಿಸಿಗಾಳಿ ರೇಡಿಯೇಟರ್ ಮ್ಯಾಲೆ ಹಾದೇ ಬರ್ಬೇಕು. ಗಾಳಿ ಸಲೀಸಾಗಿ ಓಡಿದ್ರೆ ಏನೂ ಆಗಲ್ಲ. ನಿನ್ನ ಗಾಡೀಲಿ ಓಡ್ತಾ ಇಲ್ಲ."

ಐದು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದ ಗಿರಿಯಪ್ಪ ಅಂದು ಮೊದಲ ಸಲ ನೋಡುವವನಂತೆ ಅದರ ಮುಂದೆ ಬಗ್ಗಿ ನಿಂತ.

ಎಂಜಿನ್ ತಣ್ಣಗಾದ ಮೇಲೆ ಪುಷ್ಪಲತಾ ರೇಡಿಯೇಟರಿಗೆ ನೀರು ಕೊಡುವ ಬಾಟಲಿ ನೋಡಿದಳು. ಮಟ್ಟ ಸರಿಯಾಗಿತ್ತು. ಪೈಪುಗಳಲ್ಲಿ ಸೋರಿಕೆ ಇರಲಿಲ್ಲ. ಎಂಜಿನ್ ಶುರುಮಾಡಿಸಿ ಒಂದು ಕ್ಷಣ ಎಸಿ ಹಾಕಿಸಿದಳು. ರೇಡಿಯೇಟರ್ ಹಿಂದಿನ ಫ್ಯಾನ್ ಗಿರ್ರೆಂದು ತಿರುಗಿತು. "ಫ್ಯಾನು ತಿರುಗ್ದಿದ್ರೆ ಅದೇ ಕಾರಣ ಅಂತಿದ್ದೆ. ಇದೂ ಸರಿ ಐತೆ. ಬಂದ್ ಮಾಡು, ಕೀ ತೆಗಿ. ಕೀ ತೆಗೀದೆ ಕೈ ಹಾಕಿದ್ರೆ ಫ್ಯಾನು ತಾನೇ ತಿರುಗಿ ಬೆರಳು ಹೋಗ್ತವೆ."

ತನ್ನ ಸಣ್ಣ ಮೊಬೈಲಿನ ಟಾರ್ಚ್ ಹಚ್ಚಿ ಎರಡು ಜಾಲರಿಗಳ ನಡುವಿನ ಸಂದಿಗೆ ಹಿಡಿದಳು. "ಇಲ್ಲಿ ಬಗ್ಗಿ ನೋಡು."

ಸಂದಿಯ ತುಂಬ ಬೂದುಬಣ್ಣದ್ದೇನೋ ಒತ್ತಾಗಿ ತುಂಬಿತ್ತು. ಅವಳು ಮೇಲಿನ ಅಂಚನ್ನು ಚಿವುಟಿ ಎಳೆದಾಗ ಅಂಗೈ ಅಗಲದ ತುಂಡು ಕಿತ್ತು ಬಂತು. ಗಿರಿಯಪ್ಪ ಅದನ್ನು ಕೈಯಲ್ಲಿ ಹಿಡಿದು ಹಿಸುಕಿದ. ಹುಟ್ಟಿದಾಗಿನಿಂದ ಕುರಿ ಉಣ್ಣೆ ಮುಟ್ಟಿ ಬೆಳೆದ ಕೈ ಅದು.

"ಇದು ಕಂಬಳಿ ಅಲ್ವೇನೆ!"

ಕಂಬಳಿಯಲ್ಲ, ಕರಡ ಹುಲ್ಲಿನ ತೆನೆ. ಚಳಿಗಾಲವಿಡೀ ಅವನು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಹಾದಿಯಲ್ಲಿ ಬಾಡಿಗೆ ಓಡಿಸಿದ್ದ. ಗಾಳಿಯಲ್ಲಿ ಹಾರಿದ ತೆನೆ, ಚಿಟ್ಟೆಯ ರೆಕ್ಕೆ, ಕೆಂಧೂಳು ಎಲ್ಲವೂ ಒಳಸೇರಿ, ಮಗ್ಗದಲ್ಲಿ ನೆಯ್ದಂತೆ ಹೆಣೆದುಕೊಂಡಿದ್ದವು. ಮುಂದಿನಿಂದ ನೋಡಿದರೆ ಜಾಲರಿ ಚೊಕ್ಕವಾಗಿತ್ತು. ನೀರು, ಗ್ಯಾಸ್ ಅಂತ ಓಡಾಡಿದವರು ಯಾರೂ ಸಂದಿಗೆ ಇಣುಕಿರಲಿಲ್ಲ.

ಎಸಿ ಇಲ್ಲದೆ, ನಿಧಾನವಾಗಿ, ಕೆಂಚಕ್ಕನ ಮುಖಕ್ಕೆ ಧೂಳು ತಾಗದಂತೆ ಸೆರಗು ಮರೆಮಾಡಿ ಊರು ಮುಟ್ಟಿಸಿದರು. ಅಂಗಳದಲ್ಲಿ ಪುಷ್ಪಲತಾ ರೇಡಿಯೇಟರಿನ ಮೇಲಿನ ಎರಡು ಬೋಲ್ಟು ಬಿಚ್ಚಿ, ಅದನ್ನು ತುಸು ಹಿಂದಕ್ಕೆ ವಾಲಿಸಿದಳು. ಕಸವನ್ನು ಮೆತ್ತನೆ ಬ್ರಷ್‌ನಿಂದ ಬಿಡಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ನಲ್ಲಿಪೈಪಿನಲ್ಲಿ ನೀರು ಬಿಟ್ಟಳು.

"ಜೋರಾಗಿ ಬಿಡು, ಬ್ಯಾಗ ಹೋಗ್ತೈತೆ," ಅಂದ ಗಿರಿಯಪ್ಪ.

"ಬ್ಯಾಡ. ಈ ತಗಡು ಕಾಗದದಷ್ಟು ತೆಳು. ಬಗ್ಗಿದ್ರೆ ಗಾಳಿ ದಾರೀನೇ ಮುಚ್ಚೋಗ್ತೈತೆ."

ಕೆಸರುನೀರು ಹರಿದು ಹರಿದು ಕೊನೆಗೆ ತಿಳಿಯಾಯಿತು. ಆಗ ಬಿಸಿಲು ರೇಡಿಯೇಟರಿನ ಆಚೆಯಿಂದ ತೂರಿ ಬಂತು. ಸಾವಿರಾರು ಸಣ್ಣ ಕಿಂಡಿಗಳು ಒಟ್ಟಿಗೆ ಹೊಳೆದವು. ಗಿರಿಯಪ್ಪ ಬಗ್ಗಿ ನೋಡಿದ. ಇಷ್ಟು ನಾಜೂಕಾದ ಕೆಲಸ ತನ್ನ ಗಾಡಿಯ ಒಳಗಿತ್ತು, ತನಗೇ ಗೊತ್ತಿರಲಿಲ್ಲ! ಕಿಂಡಿಗಳ ಮುಂದೆ ಅಂಗೈ ಹಿಡಿದ. ಗಾಳಿ ಹಾದುಬಂದು ತಣ್ಣಗೆ ತಾಗಿತು.

ಮಾರನೇ ದಿನ ಕೆಂಚಕ್ಕನನ್ನು ಮತ್ತೆ ಚಳ್ಳಕೆರೆಗೆ ಕರೆದೊಯ್ದು ಕಣ್ಣಿನ ಪಟ್ಟಿ ಬಿಚ್ಚಿಸಿದರು. ಊರಿಗೆ ಮರಳುವಾಗ ಕಪ್ಪು ಕನ್ನಡಕ ಹಾಕಿಕೊಂಡ ಕೆಂಚಕ್ಕ ಮುಂದಿನ ಸೀಟಿನಲ್ಲಿ ಕೂತಳು. ಗ್ಲಾಸು ಏರಿತ್ತು, ಎಸಿ ಓಡುತ್ತಿತ್ತು. ತಳಕು ದಾಟಿ ಅದೇ ಏರು ಬಂದಾಗ ಗಿರಿಯಪ್ಪ ಮುಳ್ಳಿನ ಮೇಲೆ ಕಣ್ಣಿಟ್ಟ. ಏರು ಮುಗಿಯಿತು. ಮುಳ್ಳು ನಡುವಿನಲ್ಲೇ ಕೂತಿತ್ತು.

ಕೆಂಚಕ್ಕ ಬಗ್ಗಿ ನೋಡಿದಳು. "ಗಿರಿಯಪ್ಪ, ನಿನ್ನೆಯಿಂದ ಮುಳ್ಳು ಮುಳ್ಳು ಅಂತಿದ್ರಲ್ಲ, ಇದೇನಾ? ಅಲ್ಲಾಡ್ತಾನೇ ಇಲ್ವಲ್ಲಪ್ಪ, ಕೆಟ್ಟೋಗೈತಾ?"

"ಇಲ್ಲ ಅತ್ತಿಗೆ," ಅಂದ ಗಿರಿಯಪ್ಪ. "ಸರಿಹೋಗೈತೆ."

ಗಾಡಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಎಸಿ ಹಾಕಿದಾಗ ನಿಮ್ಮ ಎಂಜಿನ್ನೂ ಕಾಯುತ್ತಿದ್ದರೆ ಎಸಿಯನ್ನು ಬೈದು ಸುಮ್ಮನಾಗಬೇಡಿ. ಮುಳ್ಳು ಏರಿದ ಕೂಡಲೇ ಎಸಿ ನಿಲ್ಲಿಸಿ, ಹೀಟರ್ ಹಾಕಿ, ನೆರಳು ಹುಡುಕಿ. ಕೆಂಪು ಮುಟ್ಟಿದರೆ ಅಥವಾ ಹಬೆ ಎದ್ದರೆ ಇದ್ದಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ತಣ್ಣಗಾದ ಮೇಲೆ ನೀರು ನೋಡಿ, ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ತಿಳಿದವರಿಗೆ ತೋರಿಸಿ. ಹುಲ್ಲುಗಾವಲಲ್ಲಿ ಓಡಾಡುವ ಗಾಡಿಯಾದರೆ, ಈ ಬೇಸಿಗೆಗೆ ಮುಂಚೆ ಒಮ್ಮೆ ಟಾರ್ಚ್ ಹಿಡಿದು ಆ ಸಂದಿಗೆ ಇಣುಕಿ. ನಿಮ್ಮವರು ಕೂರುವ ಗಾಡಿ ಅದು.