ಟ್ಯಾಂಕಿನ ಮೇಲಿನ ಎರಡು ಅಂಗೈ

ಟ್ಯಾಂಕಿನ ಕೆಂಪಿನಲ್ಲಿ ನನ್ನ ಮುಖ ಅಗಲಕ್ಕೆ ಹರಡಿಕೊಂಡಿದೆ, ಬೆಳಗಿಟ್ಟ ಪಾತ್ರೆಯ ತಳದಲ್ಲಿ ಕಂಡ ಹಾಗೆ, ಗಲ್ಲ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಯಿತೋ ತಿಳಿಯುವುದಿಲ್ಲ, ಐವತ್ತು ದಾಟಿದ ಮುಖ, ಇರಲಿ, ಬಣ್ಣ ಮಾತ್ರ ಎಷ್ಟು ನುಣುಪು, ಒಂದು ಗೀರಿಲ್ಲ, ಒಂದು ಕೈಗುರುತಿಲ್ಲ — ಅವನದರ ಮೇಲೆ ಇತ್ತಲ್ಲ, ಎಡಕ್ಕೊಂದು ಬಲಕ್ಕೊಂದು — ಬೇಡ, ಈಗ ಅದು ಬೇಡ, ಈಗ ಕೂರುವುದಷ್ಟೇ ಕೆಲಸ, ಮಣಿಕಟ್ಟು ಏನು ಹೇಳುತ್ತದೆ, ಸೊಂಟ ಏನು ಹೇಳುತ್ತದೆ, ಕೇಳಿಸಿಕೊಳ್ಳುವುದು. ಸಿನ್ಯೋರಾ, ನೀವು ಬೈಕ್ ಕೊಳ್ಳೋಕೆ ಬಂದ್ರೋ ಕುರ್ಚಿ ಕೊಳ್ಳೋಕೆ ಬಂದ್ರೋ, ಎನ್ನುತ್ತಾನೆ ಫುಲ್ವಿಯೋ, ಅಂಗಡಿಯ ಯಜಮಾನ, ನಾನು ಓಡಿಸುವ ಬಸ್ಸಿನಲ್ಲಿ ದಿನಾ ಗುಡ್ಡ ಹತ್ತಿ ಓಪಿಚೀನಾದ ಮನೆಗೆ ಹೋಗುವವನು, ಅದಕ್ಕೇ ಈ ಸಲುಗೆ. ಎರಡೂ, ಎಂದೆ. ನೀವು ನಿಮ್ಮ ಗಿರಾಕಿಗಳನ್ನ ನೋಡ್ಕೊಳ್ಳಿ ಫುಲ್ವಿಯೋ, ಹಿಂದಿನ ಚಕ್ರಕ್ಕೆ ಸ್ಟ್ಯಾಂಡ್ ಕೊಟ್ಟಿದೀರಲ್ಲ, ನಾನೇನು ಬೀಳಲ್ಲ. ಭುಜ ಕುಣಿಸಿ ಹೋದ. ಎಲ್ಲರೂ ಗಾಡಿಯನ್ನು ಓಡಿಸಿ ನೋಡಿ ಕೊಳ್ಳುತ್ತಾರೆ, ನಾನು ಇಳಿದು ನೋಡಿ ಕೊಳ್ಳುತ್ತೇನೆ, ಇಳಿಯುವುದೇ ಮುಖ್ಯ, ಇಟಲಿಯ ಈ ಟ್ರಿಯೆಸ್ತೆಯಿಂದ ಹೊರಟು ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರು ಆದಮೇಲೆ ನೆಟ್ಟಗೆ ಇಳಿಯಬೇಕು, ಬಿಟ್ಟುಬಂದ ಊರು ನೆಗೋಟಿನ್ನಿನಲ್ಲಿ, ಬೈಕಿನವರ ಕೂಟದ ನಡುಮಧ್ಯೆ, ನನ್ನನ್ನು ಬಿಟ್ಟ ಗಂಡ ರಾಡಿಶಾನ ಕಣ್ಣೆದುರಿಗೆ.

ಜೂನಿನಲ್ಲಿ ಕೂಟ, ಪ್ರತಿ ವರ್ಷದ ಹಾಗೆ, ನದಿಯ ಪಕ್ಕದ ಹುಲ್ಲಿನಲ್ಲಿ ಡೇರೆಗಳು, ಕಡಾಯಿಯಲ್ಲಿ ಹುರುಳಿಕಾಯಿ ಅಲ್ಲ ಕಾಳು, ಬಿಳೀ ಕಾಳಿನ ಸಾರು ಹೊಗೆಯಾಡುತ್ತಿರುತ್ತದೆ, ಒಳಗೆ ಹಂದಿ ಪಕ್ಕೆಲುಬು, ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಅದರ ಬಾಟಲಿ ಕೈಯಿಂದ ಕೈಗೆ, ಸಂಜೆ ವೇದಿಕೆಯ ಮೇಲೆ ಕಪ್‌ಗಳು, ಅತಿ ದೊಡ್ಡ ಸಂಘಕ್ಕೊಂದು, ಅತಿ ಹಿರಿಯ ಸವಾರನಿಗೊಂದು, ಅತಿ ದೂರದಿಂದ ಬಂದವನಿಗೊಂದು, ಆಮೇಲೆ ಅತಿ ದೂರದಿಂದ ಗಾಡಿ ಓಡಿಸಿಕೊಂಡು ಬಂದ ಹೆಂಗಸಿಗೊಂದು — ಓಡಿಸಿಕೊಂಡು ಬಂದವಳಿಗೆ, ಹಿಂದೆ ಕೂತು ಬಂದವಳು ಲೆಕ್ಕಕ್ಕಿಲ್ಲ. ಕೊಡುವವನು ಸಂಘದ ಅಧ್ಯಕ್ಷ, ಅಧ್ಯಕ್ಷ ರಾಡಿಶಾ, ತಾನೇ ಮೈಕು ಹಿಡಿಯಬೇಕು, ತಾನೇ ಹೆಸರು ಕೂಗಬೇಕು, ದೋಬ್ರಿಲಾ, ಆಮೇಲೆ ಅವನ ಮನೆತನದ ಹೆಸರಲ್ಲ, ನನ್ನ ಅಪ್ಪನ ಮನೆತನದ್ದು, ಅದನ್ನು ಅವನ ನಾಲಿಗೆ ಉರುಳಿಸಬೇಕು, ನೂರಾರು ಜನ ಕೇಳಬೇಕು, ಆಮೇಲೆ ಎರಡು ಕೈಯಲ್ಲಿ ಎತ್ತಿ ಕೊಡಬೇಕು, ನಾನು ಒಂದೇ ಕೈಯಲ್ಲಿ ತಗೊಳ್ಳುತ್ತೇನೆ. ಹೋದ ಸಲ ಸ್ಕೋಪ್ಯೆಯಿಂದ ಬಂದ ಹುಡುಗಿಗೆ ಸಿಕ್ಕಿತಂತೆ, ಸ್ಕೋಪ್ಯೆ ಎಷ್ಟು ದೂರ, ಉಗುಳಿದರೆ ಬೀಳುತ್ತದೆ. ಪೋಲೆಂಡಿನಿಂದ ಯಾವಳಾದರೂ ಬಂದುಬಿಟ್ಟರೆ — ಬರಲಿ, ಅವಳ ಟೈರು ಹಂಗೇರಿಯಲ್ಲೇ ಪಂಕ್ಚರ್ ಆಗಲಿ, ಪಾಪ, ಪೆಟ್ಟಾಗದೆ ಆಗಲಿ. ನಾನು ಒಳ್ಳೆಯವಳಲ್ಲ, ಗೊತ್ತು, ಒಳ್ಳೆಯವಳಾಗಿ ಎಷ್ಟು ಕಾಲ ಇದ್ದೆ, ಏನು ಸಿಕ್ಕಿತು, ಈಗ ನನಗೆ ಸೇಡು ಬೇಕು, ಹಸಿವಾದಾಗ ರೊಟ್ಟಿ ಬೇಕಾದ ಹಾಗೆ ಬೇಕು.

ಅವನಿಗೂ ಸಿಕ್ಕಿತ್ತಲ್ಲ ಕಪ್, ಅತಿ ದೂರದಿಂದ ಬಂದ ಅತಿಥಿ, ಪೂಲಾದಲ್ಲಿ, ಸಮುದ್ರದ ದಂಡೆಯಲ್ಲಿ, ನೆಗೋಟಿನ್ನಿನಿಂದ ಪೂಲಾಕ್ಕೆ ಅವನ ಕೆಂಪು ಗಾಡಿಯ ಮೇಲೆ, ಅವನು ಮುಂದೆ, ನಾನು ಹಿಂದೆ, ಹಿಂದೆ ಅಂದರೆ ಎಲ್ಲಿ, ಅದಕ್ಕೆ ಸೀಟು ಅನ್ನುತ್ತಾರಾ, ಒಂದು ತುಂಡು ರೊಟ್ಟಿಯಷ್ಟು ಅಗಲ, ಅವನಿಗಿಂತ ಒಂದು ಗೇಣು ಎತ್ತರ, ಮೊಣಕಾಲು ಕಂಕುಳಿಗೆ ತಾಗುತ್ತದೆ, ಮಿಡತೆಯ ಹಾಗೆ ಮಡಚಿಕೊಂಡು ಕೂರಬೇಕು, ಹಿಡಿದುಕೊಳ್ಳಲು ಏನೂ ಇಲ್ಲ. ಅವನು ಬ್ರೇಕ್ ಹಾಕಿದಾಗಲೆಲ್ಲ ನಾನು ಜಾರಿ ಅವನ ಬೆನ್ನಿಗೆ ಬೀಳುತ್ತಿದ್ದೆ. ಲೇ ದೋಬ್ರಿಲಾ, ಮೈಮೇಲೆ ಬೀಳಬೇಡ, ತಿರುವಿನಲ್ಲಿ ನಂಗೆ ಗಾಡಿ ಹಿಡಿತಕ್ಕೆ ಸಿಗಲ್ಲ, ಟ್ಯಾಂಕಿಗೆ ಕೈ ಕೊಡು. ಕೊಟ್ಟೆ, ಅವನ ಸೊಂಟದ ಎರಡೂ ಕಡೆಯಿಂದ ಕೈ ಚಾಚಿ ಟ್ಯಾಂಕಿಗೆ ಅಂಗೈ ಒತ್ತಿ, ಅವನ ಬ್ರೇಕನ್ನೆಲ್ಲ ನನ್ನ ಮಣಿಕಟ್ಟಿನಲ್ಲಿ ಹಿಡಿದೆ, ಪ್ರತಿ ತಿರುವು, ಪ್ರತಿ ಟೋಲು, ಪ್ರತಿ ಟ್ರಕ್ಕು, ಅವನಿಗೆ ಗಾಡಿ ಹೂವಿನಂತೆ ನಡೆಯಿತು. ಪೂಲಾದಲ್ಲಿ ನಿಂತಾಗ ನನ್ನ ಕಾಲು ಬಿಚ್ಚಲಿಲ್ಲ. ಇಬ್ಬರು ಗಂಡಸರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ ಕೆಳಗಿಟ್ಟರು, ಕಬ್ಬಿಣದ ಬೀರು ಇಳಿಸಿದ ಹಾಗೆ, ನಾನು ಬಗ್ಗಿದ್ದವಳು ಬಗ್ಗಿಯೇ ನಿಂತಿದ್ದೆ, ಹುಲ್ಲು ಕಾಣುತ್ತಿತ್ತು, ಎಲ್ಲರ ಬೂಟುಗಳು ಕಾಣುತ್ತಿದ್ದವು, ಅಷ್ಟರಲ್ಲಿ ವೇದಿಕೆಯಿಂದ ಅವನ ದನಿ, ಕಪ್ ಎತ್ತಿ ಹಿಡಿದು ಮೈಕಿನಲ್ಲಿ, ಬರೀ ದೂರದಿಂದ ಬಂದಿಲ್ಲ ಅಣ್ಣಂದಿರಾ, ಎಪ್ಪತ್ತು ಕಿಲೋ ಸಾಮಾನೂ ಹೊತ್ಕೊಂಡು ಬಂದಿದೀನಿ, ಅಲ್ನೋಡಿ, ಇನ್ನೂ ಬಿಚ್ಚಿಲ್ಲ. ನಕ್ಕರು. ಆ ಬೂಟುಗಳೆಲ್ಲ ನಕ್ಕವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಕೈ ನನ್ನದು ಕೆಸರಾಯಿತು, ಬಾಯಿ ಅವನದು ಮೊಸರಾಯಿತು. ಮನೆಗೆ ಬಂದು ಕಪ್ ಟಿವಿಯ ಮೇಲಿಟ್ಟ, ನಾನೇ ಧೂಳು ಒರೆಸಿದೆ.

ಆಮೇಲೆ ಗಾಡಿ ತೊಳೆಯುವಾಗ ಕಂಡವು. ಟ್ಯಾಂಕಿನ ಎಡಕ್ಕೊಂದು ಬಲಕ್ಕೊಂದು, ಮಂಕಾದ ಎರಡು ಗುರುತು, ಅಂಗೈಯಗಲ, ಹೆಬ್ಬೆರಳು ಎಲ್ಲಿ ಕವಲೊಡೆಯುತ್ತದೋ ಅದೂ ಕಾಣುವಷ್ಟು, ಹೊಳೆಯುವ ಕೆಂಪಿನ ನಡುವೆ ಸತ್ತ ಕೆಂಪು. ಅವನೇ ತಂದುಕೊಟ್ಟಿದ್ದ ಅಗ್ಗದ ಗ್ಲೌಸು, ಅದಕ್ಕೆ ಹತ್ತಿದ ರಸ್ತೆಯ ಧೂಳು, ನಾನು ಒತ್ತಿ ಒತ್ತಿ ಉಜ್ಜಿಬಿಟ್ಟಿದ್ದೆ. ನಿನ್ನ ಕೈಯೇನು ಮರಳು ಕಾಗದವಾ, ಎಂದ ರಾಡಿಶಾ. ವಾರವಾರವೂ ಪಾಲಿಶ್ ಹಚ್ಚಿ ತಿಕ್ಕಿದ, ಹೋಗಲಿಲ್ಲ. ಬಂದವರಿಗೆಲ್ಲ ತೋರಿಸಿದ, ನೋಡಿ, ನಮ್ಮನೆಯವಳು ಸಹಿ ಹಾಕಿದಾಳೆ. ಅತ್ತೆ ಒಳಗಿನಿಂದ ಮೆಣಸಿನಕಾಯಿ ಸುಡುತ್ತ, ರೂಢಿಯಾಗುತ್ತೆ ಬಿಡೇ, ನಂಗೂ ಆಗಿತ್ತು, ಎಂದಳು, ಅವಳ ಗಂಡನಿಗೆ ಬೈಕೇ ಇರಲಿಲ್ಲ, ಏನು ರೂಢಿಯಾಗಿತ್ತೋ ಕೇಳಬೇಕಿತ್ತು, ಕೇಳಲಿಲ್ಲ.

ಈಗ ಮಣಿಕಟ್ಟು ಮಾತಾಡುತ್ತಿದೆ. ಈ ಇಟಲಿಯ ಕೆಂಪು ಸುಂದರಿಯ ಹ್ಯಾಂಡಲ್ ಎಷ್ಟು ಕೆಳಗಿದೆ, ಮೈಯ ಭಾರವೆಲ್ಲ ಮುಂದಕ್ಕೆ ಬಂದು ಅಂಗೈಬುಡದಲ್ಲಿ ನಿಂತಿದೆ, ಅದೇ ಜಾಗ, ಅದೇ ನೋವು, ಎಡಗೈಯ ಕಿರುಬೆರಳು ಜುಮ್ಮೆನ್ನುತ್ತಿದೆ, ಸಾಕು ಅನ್ನುತ್ತಿದೆ, ಸುಮ್ಮನಿರು ಅಂದೆ, ಕೆಂಪೇ ಬೇಕು, ಅವನದಕ್ಕಿಂತ ಕೆಂಪು, ಅವನದಕ್ಕಿಂತ ಜೋರು, ಸದ್ದಿಗೇ ಡೇರೆಯಲ್ಲಿ ಮಲಗಿದವರು ಎದ್ದು ಬರಬೇಕು, ಹಿಂದೆ ಸೀಟೇ ಇಲ್ಲ, ಸೀಟಿನ ಜಾಗದಲ್ಲಿ ಕೆಂಪು ಗೂನು, ಒಬ್ಬರಿಗೆ ಮಾತ್ರ ಮಾಡಿದ್ದು, ಎಷ್ಟು ಚೆನ್ನ, ನನ್ನ ಹಿಂದೆ ಯಾರೂ ಇಲ್ಲ, ನಾನು ಯಾರ ಹಿಂದೆಯೂ ಇಲ್ಲ. ಬೇರೆಯಾದ ಮೇಲೆ ಇಲ್ಲಿಗೆ ಬಂದು ಮೊದಲು ಬಸ್ಸಿನ ಲೈಸೆನ್ಸು ಮಾಡಿಸಿದೆ, ಆಮೇಲೆ ಬೈಕಿನದು, ಬೋರಾ ಗಾಳಿ ಬೀಸುವಾಗ ಜನ ಕಂಬ ಹಿಡಿದು ನಿಲ್ಲುವ ಊರಿನಲ್ಲಿ ತುಂಬಿದ ಬಸ್ಸನ್ನು ಬಾಗದೆ ಗುಡ್ಡ ಹತ್ತಿಸುತ್ತೇನೆ, ಅವನು ಹೇಳಿದ್ದೇನು, ಹೆಂಗಸರಿಗೆ ಸ್ಪೋರ್ಟ್ ಬೈಕು ಆಗಲ್ಲ, ನೂರು ಕಿಲೋಮೀಟರಿಗೆ ಅಳ್ತಾರೆ. ನೂರಲ್ಲವೋ, ಎಂಟುನೂರು ಕಿಲೋಮೀಟರು ಅತ್ತಿದ್ದೆ, ಹೆಲ್ಮೆಟ್ಟಿನೊಳಗೆ ಅತ್ತರೆ ಮೂಗು ಒರೆಸಿಕೊಳ್ಳಲೂ ಆಗುವುದಿಲ್ಲ, ಅದು ನಿನಗೇನು ಗೊತ್ತು. ಸರಿ, ಇಳಿಯುವ ಹೊತ್ತಾಯಿತು, ಈಗ ನೋಡೋಣ, ಬಲಗಾಲು ಎತ್ತಿ, ಗೂನಿನ ಮೇಲಿಂದ ದಾಟಿಸಿ, ಎಡಗಾಲ ಮೇಲೆ ಭಾರ — ಮಂಡಿ ಕುಸಿಯಿತು, ಕನ್ನಡಿ ಹಿಡಿದುಕೊಂಡೆ, ಕನ್ನಡಿ ತಿರುಗಿತು, ಬಗ್ಗಿ ನಿಂತಿದ್ದೇನೆ, ನೆಲದ ಟೈಲ್ಸು ಕಾಣುತ್ತಿದೆ, ಫುಲ್ವಿಯೋನ ಬೂಟು ಕಾಣುತ್ತಿದೆ. ಹುಷಾರು ಸಿನ್ಯೋರಾ, ಎತ್ಲಾ, ಎಂದ. ಮುಟ್ಟಬೇಡಿ. ಯಾಕೆ ಹಾಗೆ ಕಿರುಚಿದೆನೋ, ಅಂಗಡಿಯವರೆಲ್ಲ ತಿರುಗಿ ನೋಡಿದರು.

ಈ ಕೆಂಪಿಯನ್ನ ಬಿಡಿ, ಎನ್ನುತ್ತಾನೆ ಫುಲ್ವಿಯೋ, ನಾನು ಕಿರುಚಿದ್ದನ್ನು ಜಾಣತನದಿಂದ ಮರೆತು, ಇವಳು ಭಾನುವಾರ ಬೆಳಗ್ಗೆ ಎರಡು ಗುಡ್ಡ ಸುತ್ತಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರೋರಿಗೆ. ದೂರಕ್ಕೆ ಆ ಬೂದು ಬಣ್ಣದ್ದನ್ನ ನೋಡಿ, ಎರಡೂ ಕಡೆ ಪೆಟ್ಟಿಗೆ, ಸೀಟಿಗೆ ಶಾಖ ಬರುತ್ತೆ, ಸೋಫಾ ಇದ್ದಂಗೆ. ಸೋಫಾ ಬೇಡ, ಎಂದೆ, ಸೋಫಾದ ಮೇಲೆ ಬಂದ್ಲು ಅಂತಾರೆ. ಯಾರು ಅಂತಾರೆ? ಅನ್ನೋರು. ನಕ್ಕ, ಹೆಂಡತಿ ಬಿಟ್ಟುಹೋದ ಗಂಡಸು, ಅನ್ನೋರು ಯಾರು ಅಂತ ಅವನಿಗೂ ಗೊತ್ತಿದೆ. ಹಾಗಾದ್ರೆ ಈ ನೀಲಿ. ಜಪಾನಿನದು, ಎಂಜಿನ್ನು ಆ ಕೆಂಪಿಯಷ್ಟೇ ಕಟ್ಟುಮಸ್ತು, ಹ್ಯಾಂಡಲ್ ಮಾತ್ರ ಒಂದು ಗೇಣು ಮೇಲೆ, ಎದೆ ನೆಟ್ಟಗಿರುತ್ತೆ, ಒಂದು ಸಲ ಟ್ಯಾಂಕ್ ತುಂಬಿಸಿದ್ರೆ ಝಾಗ್ರೆಬ್ ದಾಟಿ ಹೋಗಬಹುದು, ಓವರ್‌ಟೇಕ್ ಮಾಡೋವಾಗ ಇದು ಜಪಾನಿಯೋ ಇಟಾಲಿಯನ್ನೋ ಅಂತ ಹಿಂದಿನವನಿಗೆ ಗೊತ್ತಾಗಲ್ಲ, ನಿಮ್ಮ ಬೆನ್ನಷ್ಟೇ ಕಾಣೋದು. ಬೆನ್ನು ಕಾಣುವುದು, ಆ ಮಾತು ಹಿಡಿಸಿತು. ಹತ್ತಿ ಕೂತೆ. ಮಂಡಿ ಸುಮ್ಮನಾಯಿತು. ಮಣಿಕಟ್ಟು ಏನೂ ಹೇಳಲಿಲ್ಲ, ಕಾದೆ, ಫುಲ್ವಿಯೋ ಯಾರಿಗೋ ಹೆಲ್ಮೆಟ್ ಮಾರಿದ, ಫೋನಿನಲ್ಲಿ ಮಗಳನ್ನು ಬೈದ, ಇನ್ನೂ ಏನೂ ಹೇಳಲಿಲ್ಲ, ನಾಯಿ ನಿದ್ದೆ ಹೋದ ಹಾಗೆ ಕೈಗಳು ಬಿದ್ದುಕೊಂಡಿವೆ. ನೀಲಿ, ಅಯ್ಯೋ, ನೀಲಿ, ಕೆಂಪಿನ ಎದುರು ಕೆಂಪು ನಿಲ್ಲಿಸಬೇಕೆಂದಿದ್ದೆನಲ್ಲ, ಹೋಗಲಿ, ಬಣ್ಣ ಇಳಿಯುವುದಿಲ್ಲ, ಇಳಿಯುವವಳು ನಾನು, ನೀಲಿಯಿಂದ ನೆಟ್ಟಗೆ ಇಳಿದು ಹೆಲ್ಮೆಟ್ ತೆಗೆದು ಕೂದಲು ಕೊಡವಿದರೆ ಸಾಕು, ಅವನ ಮೈಕು ಒಂದು ಕ್ಷಣ ಮೂಕವಾಗುತ್ತದೆ, ಆ ಒಂದು ಕ್ಷಣವನ್ನು ನಾನು ಮುದುಕಿಯಾಗುವ ತನಕ ನೆಕ್ಕಿಕೊಂಡಿರುತ್ತೇನೆ.

ಮತ್ತು ಅವಳೂ ನೋಡಬೇಕು, ಸುಂಚಿತ್ಸಾ, ಈಗ ಅವನ ಹಿಂದೆ ಕೂರುವವಳು, ಔಷಧಿ ಅಂಗಡಿಯ ಹುಡುಗಿ, ಹುಡುಗಿಯೇನು, ಮೂವತ್ತೈದು ಇರಬೇಕು, ನೋಡಲಿ, ಹೊಟ್ಟೆ ಉರಿದುಕೊಳ್ಳಲಿ. ಹೋದ ವಾರ ಫೋನು ಮಾಡಿದ್ದಳು, ನನ್ನ ನಂಬರು ಎಲ್ಲಿ ಸಿಕ್ಕಿತೋ, ನಾನು ಡಿಪೋದಲ್ಲಿ ಬಸ್ಸಿಗೆ ಬೀಗ ಹಾಕುತ್ತಿದ್ದೆ. ದೋಬ್ರಿಲಾ ಅವರೇ, ತಪ್ಪು ತಿಳ್ಕೋಬೇಡಿ, ಒಂದೇ ಒಂದು ಮಾತು ಕೇಳ್ಬೇಕಿತ್ತು, ನಿಮಗೂ ಮಣಿಕಟ್ಟು ಹೀಗೇ ನೋಯ್ತಿತ್ತಾ? ಬೀಗದ ಕೈ ತಿರುವಿದೆ. ಮಾತ್ರೆ ಪೊಟ್ಟಣ ಹರಿಯೋಕೂ ಆಗ್ತಿಲ್ಲ, ಅವರು ಅಂತಾರೆ, ದೋಬ್ರಿಲಾ ಇಷ್ಟು ವರ್ಷ ಕೂತಿದ್ಲು, ಒಂದಿನ ಬಾಯಿ ಬಿಡಲಿಲ್ಲ ಅಂತಾರೆ. ನೋಡು, ಈಗ ನಾನು ಮಾದರಿ ಹೆಂಡತಿ, ಬಿಟ್ಟಮೇಲೆ ನನಗೆ ಬೆಲೆ ಬಂತು, ನನ್ನ ಬಾಯಿ ಮುಚ್ಚಿಸಿದವನು ಅದೇ ಮುಚ್ಚಿದ ಬಾಯನ್ನು ಇವಳ ಮುಖಕ್ಕೆ ಹಿಡಿದಿದ್ದಾನೆ. ಎಂಥ ಖುಷಿಯಾಯಿತು, ಉಪ್ಪು ತಿಂದವಳು ನೀರು ಕುಡಿಯಲಿ ಅನ್ನಿಸಿತು, ರೂಢಿಯಾಗುತ್ತೆ, ಎಂದೆ, ಫೋನು ಇಟ್ಟೆ, ಮನೆವರೆಗೆ ಶಿಳ್ಳೆ ಹಾಕಿಕೊಂಡು ಹೋದೆ. ರೂಢಿಯಾಗುತ್ತೆ. ಅತ್ತೆಯ ದನಿ ನನ್ನ ಬಾಯಲ್ಲಿ ಹೇಗೆ ಬಂತು, ಸುಟ್ಟ ಮೆಣಸಿನಕಾಯಿಯ ವಾಸನೆಯೂ ಬಂದಂತಾಯಿತು.

ಕೂತು ಕೂತು ಕೈ ಹಿಂದಕ್ಕೆ ಹೋಗಿದೆ, ನಾನು ಕಳಿಸಲಿಲ್ಲ, ತಾನೇ ಹೋಗಿದೆ, ಈ ನೀಲಿಗೆ ಹಿಂದಿನ ಸೀಟು ಇದೆ, ಅಗಲವಾಗಿದೆ, ಮೆತ್ತಗಿದೆ, ಅದರ ಎರಡೂ ಪಕ್ಕಕ್ಕೆ ದಪ್ಪ ಹಿಡಿ, ಬ್ರೇಕ್ ಹಾಕಿದರೆ ಹಿಡಿದುಕೊಳ್ಳಲು, ಇಷ್ಟೇ ಇಷ್ಟು, ಬೆರಳು ಸುತ್ತುವಷ್ಟು ಕಬ್ಬಿಣ, ಇಷ್ಟು ಇದ್ದಿದ್ದರೆ ಸಾಕಿತ್ತಲ್ಲ. ಚೆನ್ನಾಗಿ ಕೂತಿದೀರಿ, ಇದೇ ನಿಮ್ಮದು, ಎನ್ನುತ್ತಾನೆ ಫುಲ್ವಿಯೋ, ಒಬ್ಬರೇ ಹೋಗೋದಲ್ವಾ, ಹಿಂದಿನ ಸೀಟು ಬಿಚ್ಚಿ ಮುಚ್ಚಳ ಹಾಕಿಬಿಡ್ಲಾ, ಹಿಡಿಗಳನ್ನೂ ತೆಗೆದ್ರೆ ಹಗುರ, ನೋಡೋಕೂ ಖಡಕ್ಕಾಗಿರುತ್ತೆ. ಹೂಂ, ಹಾಕಿ, ಅನ್ನಬೇಕು, ಅನ್ನಲೆಂದೇ ಬಂದವಳು, ಬೇಡ, ಇರಲಿ, ಎಂದಿತು ಬಾಯಿ. ಯಾಕೆ, ಯಾರನ್ನ ಕೂರಿಸ್ತೀರಿ? ಯಾರನ್ನ — ತಡಿ, ಇದೂ ಸೇಡೇ, ಇನ್ನೂ ದೊಡ್ಡ ಸೇಡು, ಕಪ್ ತಗೊಂಡ ಮೇಲೆ ಅವನ ಕೈಯ ಮೈಕನ್ನೇ ಹಿಡಿದು, ಸುಂಚಿತ್ಸಾ, ಬಾ, ಹತ್ತು ಎಂದರೆ, ಅವಳು ಹತ್ತಿದರೆ, ಅವನು ತನ್ನ ಸಾಮಾನನ್ನು ತಾನೇ ಹೊತ್ತುಕೊಂಡು ಹೋಗಲಿ, ಆ ಬೂಟುಗಳು ಆಗ ಏನು ಮಾಡುತ್ತವೋ ನೋಡೋಣ, ಹೌದು, ಸೇಡೇ, ಸೇಡಲ್ಲದೆ ಇನ್ನೇನು, ಅವಳ ಮೇಲೆ ನನಗೇನು ಅಕ್ಕರೆ, ಹತ್ತುತ್ತಾಳೋ ಇಲ್ಲವೋ, ಜೂನಿಗೆ ಇನ್ನೂ ಎಷ್ಟೋ ವಾರ, ಇವತ್ತು ಬಿಸಿಲಿದೆ, ಬಿಸಿಲು ಬಿದ್ದರೆ ಅವನು ಮನೆಯಲ್ಲಿ ನಿಲ್ಲುವುದಿಲ್ಲ, ಡ್ಯಾನ್ಯೂಬ್ ನದಿಯ ಪಕ್ಕದ ರಸ್ತೆಗೆ ಅದೇ ಗಾಡಿಯಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟಿರುತ್ತಾನೆ, ಅಲ್ಲಿ ಬಂಡೆ ಕೊರೆದ ಸುರಂಗಗಳು, ಸುರಂಗ ಮುಗಿದಲ್ಲೆಲ್ಲ ತಿರುವು, ತಿರುವಿಗೊಂದು ಬ್ರೇಕು, ಮೈಮೇಲೆ ಬೀಳಬೇಡ, ಟ್ಯಾಂಕಿಗೆ ಕೈ ಕೊಡು, ಕೊಡುತ್ತಾಳೆ, ಎಲ್ಲಿಗೆ ಕೊಡುತ್ತಾಳೆ, ಜಾಗ ಹುಡುಕುವುದೇ ಬೇಡ, ಜಾಗ ನಾನು ಮಾಡಿಟ್ಟು ಬಂದಿದ್ದೇನೆ, ಎಡಕ್ಕೊಂದು ಬಲಕ್ಕೊಂದು, ಸತ್ತ ಕೆಂಪು, ಹೆಬ್ಬೆರಳು ಕವಲೊಡೆದಲ್ಲಿ ಅವಳ ಹೆಬ್ಬೆರಳು, ಸಿನ್ಯೋರಾ, ಸೀಟು ಇರಲೋ ಬೇಡವೋ, ಎಡಕ್ಕೊಂದು, ಬಲಕ್ಕೊಂದು, ನನ್ನ ಅಂಗೈಯೊಳಗೆ ಅವಳ ಅಂಗೈ, ನನ್ನದಕ್ಕಿಂತ ಚಿಕ್ಕದು, ಸುತ್ತ ಒಂದು ಬೆರಳಷ್ಟು ಜಾಗ ಉಳಿದಿದೆ.