ಬೋರಲು ಹಾಕಿದ ಲೋಟ

ಒಂದು ಹನಿ, ಕತ್ತಿನ ಹಿಂದಿನ ಸಣ್ಣ ಕೂದಲಲ್ಲಿ ಸಿಕ್ಕಿಕೊಂಡು, ಇಳಿಯಲೋ ಬೇಡವೋ ಎಂದು ನಿಂತು ನಿಂತು, ಈಗ ಜಾರಿತು, ಕಾಲರಿನೊಳಗೆ ಹೋಯಿತು, ತಣ್ಣಗೆ ಮುಟ್ಟಿರಬೇಕು, ಆದರೂ ಇವಳು ಮಿಸುಕಲಿಲ್ಲ — ಬೇರೆ ಯಾರಾಗಿದ್ದರೂ ಭುಜ ಕುಣಿಸಿ ಅಯ್ಯಯ್ಯೋ ಅಕ್ಕಾ ಚಳಿ ಅನ್ನುತ್ತಿದ್ದರು, ಇವಳು ಕಣ್ಣು ಮುಚ್ಚಿ ಕೂತೇ ಇದ್ದಾಳೆ, ಕೂರುವುದೇ ಇವಳ ಕಸುಬಲ್ಲವೇ, ಎದುರು ಕಟ್ಟಡದ ಆ ಮೆಟ್ಟಿಲ ಮೇಲಿನ ಕೋಣೆಯಲ್ಲಿ ಹಗಲೆಲ್ಲ ಕೂತು ಕಂಡವರ ಮನಸ್ಸಿನ ಗೋಳು ಕೇಳುವುದು, ಸಂಜೆ ಬೀಗ ಹಾಕಿಕೊಂಡು ಹೋಗುವುದು, ಬಾಗಿಲ ಮೇಲೆ ಕೌನ್ಸೆಲರ್ ಎಂದು ಬೋರ್ಡು, ಅದರ ಕೆಳಗೊಂದು ಹಸಿರು ಎಲೆಯ ಚಿತ್ರ, ಎಲೆಗೂ ಮನಸ್ಸಿಗೂ ಏನು ನೆಂಟಸ್ತಿಕೆಯೋ ಬರೆಸಿದವಳಿಗೇ ಗೊತ್ತು — ಇವತ್ತು ತಾನಾಗಿ ನನ್ನ ಪಾರ್ಲರಿನ ಬಾಗಿಲು ತಳ್ಳಿಕೊಂಡು ಬಂದು, ತುದಿ ಎಲ್ಲ ಸೀಳಿದೆ ಅಕ್ಕಾ, ಸ್ವಲ್ಪ ಕತ್ತರಿಸಿಬಿಡಿ, ಜಾಸ್ತಿ ಬೇಡ, ಅಂದಳು, ಕೂರಿಸಿದೆ, ಬಟ್ಟೆ ಹೊದಿಸಿದೆ, ನೀರು ಚಿಮುಕಿಸಿದೆ, ಈಗ ಇವಳ ತಲೆ ನನ್ನ ಎರಡು ಅಂಗೈಗಳ ನಡುವೆ ಇದೆ, ಎಲ್ಲರ ತಲೆಯ ಹಾಗೆಯೇ ಬೆಚ್ಚಗಿದೆ, ಕಿವಿಯ ಮೇಲೊಂದು ಮಚ್ಚೆ, ನಡುವೆ ಒಂದೆರಡು ಬಿಳಿ ಎಳೆ, ಅಷ್ಟೇ, ಆದರೆ ಈ ಚರ್ಮದಿಂದ ಒಂದು ಅಂಗುಲ ಒಳಗೆ ನನ್ನ ಗಂಡನ ಮಾತುಗಳಿವೆ, ನನಗೆ ಹೇಳದೆ ಇವಳಿಗೆ ಹೇಳಿದ ಮಾತುಗಳು, ಬಾಚಣಿಗೆ ಹಾಕಿ ಎಳೆದರೆ ಸಿಕ್ಕು ಬಿಡಿಸಿಕೊಂಡು ಬರುವ ಹಾಗೆ ಅವೂ ಬಂದುಬಿಡುವಂತಿದ್ದರೆ.

ತಲೆ ಸ್ವಲ್ಪ ಬಗ್ಗಿಸಿ ಮೇಡಂ, ಅಂದೆ, ಬಗ್ಗಿಸಿದಳು, ಹೇಳಿದ ಮಾತು ಕೇಳುತ್ತಾಳೆ ಪುಣ್ಯಾತ್ಗಿತ್ತಿ — ಈ ಕುರ್ಚಿಯಲ್ಲಿ ಅಳದವರು ಯಾರಿದ್ದಾರೆ, ಮೇಲ್ಮಹಡಿಯ ಟೀಚರ್ ಅತ್ತಿದ್ದಾರೆ, ಔಷಧಿ ಅಂಗಡಿಯವನ ಹೆಂಡತಿ ಅತ್ತಿದ್ದಾಳೆ, ಬ್ಯಾಂಕಿನ ಹುಡುಗಿ ಮದುವೆ ಮುರಿದ ವಾರ ಬಂದು ಎಲ್ಲಾ ಬೋಳಿಸಿಬಿಡಿ ಅಕ್ಕಾ ಅಂತ ಕೂತಾಗ ಇದೇ ಕತ್ತರಿ ಕೆಳಗಿಟ್ಟು, ಮೊದ್ಲು ಒಂದು ಲೋಟ ನೀರು ಕುಡಿ, ಕೂದ್ಲು ಎಲ್ಲೂ ಓಡಿಹೋಗಲ್ಲ, ಅಂದವಳು ನಾನು, ಇವತ್ತು ಆ ಜಡೆ ಸೊಂಟದವರೆಗೆ ಇಳಿದಿದೆ ಅಂದರೆ ಅದು ನನ್ನಿಂದ — ಹೋದ ತಿಂಗಳು ಅದೇ ಹುಡುಗಿ ನನ್ನದೇ ಕನ್ನಡಿಯ ಮುಂದೆ ಕೂತು, ಅಕ್ಕಾ ನಾನೀಗ ಎದುರುಗಡೆ ಹೋಗ್ತಿದೀನಿ, ಎಷ್ಟು ಹಗುರ ಆಗತ್ತೆ ಗೊತ್ತಾ, ಅನ್ನಬೇಕೆ, ಹೌದೇನಮ್ಮ, ಏನು ಹೇಳ್ತಾರೆ ಅವರು, ಅಂದೆ, ದನಿ ಜೇನುತುಪ್ಪ ಮಾಡಿಕೊಂಡು, ಜಾಸ್ತಿ ಏನೂ ಹೇಳಲ್ಲ ಅಕ್ಕಾ, ಕೇಳಿಸ್ಕೋತಾರೆ, ಆಮೇಲೆ ಎದ್ದ ತಕ್ಷಣ ಫೋನ್ ನೋಡ್ಬೇಡಿ, ದಿನಾ ಸ್ವಲ್ಪ ನಡೀರಿ, ಹೊತ್ತಿಗೆ ಸರಿಯಾಗಿ ಮಲ್ಕೊಳ್ಳಿ, ಮನಸಲ್ಲಿರೋದನ್ನ ಯಾರಿಗಾದ್ರೂ ಹೇಳ್ಕೊಳ್ಳಿ, ಇಷ್ಟೇ — ಇಷ್ಟೇ! ಇದನ್ನು ನಾನು ಎಷ್ಟು ವರ್ಷದಿಂದ ಎಷ್ಟು ತಲೆಗಳಿಗೆ ಎಣ್ಣೆ ತಿಕ್ಕುತ್ತ ತಿಕ್ಕುತ್ತ ಹೇಳಿಲ್ಲ, ನನ್ನ ಬಾಯಿಂದ ಬಂದರೆ ಹರಟೆ, ಇವಳ ಬಾಯಿಂದ ಬಂದರೆ ಚಿಕಿತ್ಸೆ, ಹೊಟ್ಟೆ ಉರಿಯಿತು, ಉರಿಯಲಿಲ್ಲ ಅಂದರೆ ಸುಳ್ಳು, ಆದರೆ ಅದು ಗಿರಾಕಿ ಕೈಬಿಟ್ಟು ಹೋದ ಉರಿ, ಸಣ್ಣದು, ಒಂದು ಲೋಟ ಚಹಾ ಕುಡಿದರೆ ಆರುವಂಥದ್ದು. ಇದು ಹಾಗಲ್ಲ. ಇದು ಕತ್ತರಿ ಹಿಡಿದ ಬೆರಳಿನ ತುದಿಯವರೆಗೆ ಇಳಿದಿದೆ, ಜೋಪಾನ, ಕಿವಿ ಹತ್ತಿರ ಬಂತು.

ನಮ್ಮವರು ಮಾತು ನಿಲ್ಲಿಸಿದ್ದು ಭಾವ ಹೋದಮೇಲೆ. ಅಣ್ಣ ತಮ್ಮ ಇಬ್ಬರೂ ಬಡಗಿಗಳು, ಒಂದೇ ಶೆಡ್ಡು, ಒಂದೇ ಊಟದ ಡಬ್ಬಿ, ಒಂದೇ ಬಯ್ಗುಳ, ಭಾವ ಊಟವಾದ ಮೇಲೆ ಹಲಗೆಯ ಮೇಲೆ ಕಾಲು ಚಾಚಿ ಒಂದು ನಿದ್ದೆ ಹೊಡೆಯುತ್ತಿದ್ದರು, ಇವರು ಆ ಹೊತ್ತಿಗೇ ಗರಗಸದ ಮಷೀನು ಹಾಕುತ್ತಿದ್ದರು, ಎಂಥಾ ನಿದ್ದೆನೋ ಇದು, ಇಡೀ ಮರ ತಲೆ ಮೇಲೆ ಬಿದ್ರೂ ಅಣ್ಣ ಎದ್ದೇಳಲ್ಲ ಕಣೇ, ಎಂದು ನನ್ನ ಹತ್ತಿರ ಬಂದು ನಗುತ್ತಿದ್ದರು, ಆಗ ಎಲ್ಲವನ್ನೂ ಹೇಳುತ್ತಿದ್ದರು, ಒಂದು ಮೊಳೆ ಬಗ್ಗಿದರೂ ಹೇಳುತ್ತಿದ್ದರು — ಒಂದು ದಿನ ಭಾವ ಹಾಗೇ ಮಲಗಿದವರು ಏಳಲಿಲ್ಲ, ಹೃದಯ ನಿಂತಿತ್ತು, ಡಾಕ್ಟರು ಅಂದರು, ಇವರು ಮನೆಗೆ ಬಂದು ಕೈ ತೊಳೆದರು, ತೊಳೆದರು, ತೊಳೆಯುತ್ತಲೇ ಇದ್ದರು, ನಲ್ಲಿ ನಿಲ್ಲಿಸಿದ್ದು ನಾನು. ಅಲ್ಲಿಂದ ಹೂಂ, ಊಹೂಂ, ಸಾಕು, ಇಷ್ಟೇ. ನಾನು ಬಿಟ್ಟೆನೇ, ನೀವೇನ್ರೀ ಮಾಡಕ್ಕಾಗ್ತಿತ್ತು, ಅವರ ಆಯಸ್ಸು ಅಷ್ಟೇ, ಹೀಗೆ ಮಂಕಾಗಿ ಕೂತ್ರೆ ಮೈಗೆ ಒಳ್ಳೇದಲ್ಲ, ಉಸಿರು ಜೋರಾಗಿ ಎಳ್ಕೊಳ್ಳಿ, ಬಿಡಿ, ಎಳ್ಕೊಳ್ಳಿ, ಇನ್ನೊಂದು ತುತ್ತು ತಿನ್ನಿ, ನಗಿಸೋಣವೆಂದು ಪಾರ್ಲರಿನ ಕತೆಗಳನ್ನೆಲ್ಲ ತಟ್ಟೆಗೆ ಬಡಿಸಿದೆ, ಟೀಚರ್ ಅಂದದ್ದು, ಬ್ಯಾಂಕಿನವಳು ಅತ್ತದ್ದು, ಒಂದು ದಿನ ತಲೆ ಎತ್ತಿ, ಅವ್ರು ನಿಂಗೆ ಹೇಳಿದ್ದನ್ನ ನಂಗ್ಯಾಕೆ ಹೇಳ್ತೀಯ, ಅಂದರು, ಅಬ್ಬಾ, ಒಂದು ಪೂರ್ತಿ ವಾಕ್ಯ! ನನಗೆ ಎಷ್ಟು ಖುಷಿಯಾಯಿತೆಂದರೆ ಮಾರನೆಯ ದಿನ ಬಂದ ಗಿರಾಕಿಗಳಿಗೆಲ್ಲ ಹೇಳಿದೆ, ನಮ್ಮನೆಯವರು ನಿನ್ನೆ ಬಾಯಿ ಬಿಟ್ರು ಕಣ್ರೀ. ಒಂದು ಸುತ್ತು ನಡೆದು ಬನ್ನಿ, ಮನಸ್ಸು ತಿಳಿಯಾಗತ್ತೆ, ಅಂತ ದಿನಾ ಹೇಳಿ ಹೇಳಿ ನಾಲಗೆ ಸವೆಯಿತು, ಕೊನೆಗೆ ಒಂದು ಗುರುವಾರ ಎದ್ದು ಚಪ್ಪಲಿ ಮೆಟ್ಟಿದರು, ನಡ್ಕೊಂಡು ಬರ್ತೀನಿ, ಅಂದರು, ಮುಂದಿನ ಗುರುವಾರವೂ, ಅದರ ಮುಂದಿನದೂ, ಬಂದಾಗ ಮುಖ ಸ್ವಲ್ಪ ಸಡಿಲವಾಗಿರುತ್ತಿತ್ತು, ನೋಡಿದ್ರಾ, ನಡಿಗೆ ಅಂದ್ರೆ ಅದು, ನಾನು ಹೇಳಿದ್ದು ಕೇಳಿದ್ರು ನೋಡಿ, ಎಂದು ಔಷಧಿ ಅಂಗಡಿಯವನ ಹೆಂಡತಿಯ ತಲೆ ಬಾಚುತ್ತ ಜಂಬ ಕೊಚ್ಚಿಕೊಂಡೆ, ನನ್ನ ಜಂಬಕ್ಕೆ ಬೆಂಕಿ ಹಾಕ.

ಕನ್ನಡಿಯೇ ಹೇಳಿಕೊಟ್ಟಿದ್ದು. ಇಲ್ಲಿ ನಿಂತರೆ ಗಿರಾಕಿಯ ಮುಖದ ಹಿಂದೆ ನನ್ನ ಬಾಗಿಲು, ಬಾಗಿಲಾಚೆ ರಸ್ತೆ, ರಸ್ತೆಯಾಚೆ ಇವಳ ಕಿಟಕಿ, ಎಲ್ಲವೂ ಕನ್ನಡಿಯಲ್ಲಿ ಬಂದು ಕೂರುತ್ತವೆ, ಕಿಟಕಿಗೆ ಪರದೆ ಇದೆ, ಆದರೆ ಅಳತೆ ತಪ್ಪಿ ಹೊಲಿಸಿದ್ದಾಳೆ, ಒಂದು ಗೇಣು ಗಿಡ್ಡ, ಒಳಗಿನವರು ಕಾಣುವುದಿಲ್ಲ, ಕಿಟಕಿಯ ಕಟ್ಟೆ ಮಾತ್ರ ಕಾಣುತ್ತದೆ, ಅದರ ಮೇಲೆ ನೀರಿನ ಜಗ್ಗು, ಬಂದವರು ಕುಡಿದಿಟ್ಟ ಲೋಟ, ಎಲ್ಲರೂ ಇಡುವ ಹಾಗೆ ಇಟ್ಟ ಲೋಟ, ಅದನ್ನು ಯಾರು ನೋಡುತ್ತಾರೆ — ಒಂದು ಗುರುವಾರ ಟೀಚರಿಗೆ ಬಣ್ಣ ಹಚ್ಚುತ್ತ ಕಣ್ಣೆತ್ತಿದೆ, ಕಟ್ಟೆಯ ಮೇಲೆ ಲೋಟ ಬೋರಲು ಬಿದ್ದಿದೆ. ಬಿದ್ದಿಲ್ಲ, ಹಾಕಿದ್ದಾರೆ. ನೀರು ಕುಡಿದ ಲೋಟವನ್ನು ಬೋರಲು ಹಾಕುವ ಒಬ್ಬನೇ ಮನುಷ್ಯ ನನಗೆ ಗೊತ್ತು, ಶೆಡ್ಡಿನಲ್ಲಿ ಮರದ ಪುಡಿ ಹಾರಿ ಹಾರಿ ಎಲ್ಲದರೊಳಗೂ ಕೂರುತ್ತದೆ, ಹಾಗಾಗಿ ಕುಡಿದ ಕೂಡಲೇ ಲೋಟ ಬೋರಲು, ಆ ಅಭ್ಯಾಸ ಮನೆಗೂ ಬಂತು, ಮದುವೆಯಾದ ಹೊಸತರಲ್ಲಿ ನನ್ನ ತವರಿನಲ್ಲೂ ಹಾಗೇ ಮಾಡಿದ್ದಕ್ಕೆ, ಅಳಿಯಂದ್ರೇ ನಮ್ಮನೇಲಿ ಅಷ್ಟು ಧೂಳಿದ್ಯಾ, ಅಂತ ನಮ್ಮಪ್ಪ ಕೆಣಕಿದ್ದರು — ಭಾವ ಹೋದಮೇಲೆ ಮನೆಯಲ್ಲಿ ಅದು ನಿಂತಿದೆ, ಅರ್ಧ ಕುಡಿಯುತ್ತಾರೆ, ಅರ್ಧ ಬಿಡುತ್ತಾರೆ, ಲೋಟ ಬಾಯಿ ತೆರೆದುಕೊಂಡು ಮೇಜಿನ ಮೇಲೆ ಹಾಗೇ ಇರುತ್ತದೆ, ಎತ್ತಿ ಚೆಲ್ಲುವವಳು ನಾನು. ನನ್ನ ಮನೆಯಲ್ಲಿ ಅರ್ಧ, ಇವಳ ಕೋಣೆಯಲ್ಲಿ ಪೂರ್ತಿ. ನನ್ನ ಮನೆಯಲ್ಲಿ ಬಾಯಿ ತೆರೆದ ಲೋಟ ಬಾಯಿ ಮುಚ್ಚಿದ ಗಂಡ, ಇವಳಲ್ಲಿ — ಅಕ್ಕಾ ಬಣ್ಣ ಹಣೆಗಿಳೀತಿದೆ, ಎಂದು ಟೀಚರ್ ಕಿರುಚಿದರು. ಬೇರೊಬ್ಬಳ ಸೀರೆ ಕಣ್ಣಿಗೋ ಸೆಂಟು ಮೂಗಿಗೋ ಬಿದ್ದಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು, ನಾಲ್ಕು ಜನ ನನ್ನ ಕಡೆ ಮಾತಾಡುತ್ತಿದ್ದರು, ನನ್ನ ಗಂಡ ಹೋಗಿ ಇನ್ನೊಬ್ಬಳ ಹತ್ತಿರ ಮಾತಾಡುತ್ತಾನೆ ಎಂದು ಯಾರ ಮುಂದೆ ಹೇಳಲಿ, ಮಾತಾಡಲಿ ಬಿಡಿ, ಒಳ್ಳೇದೇ ಅಲ್ವಾ, ಅನ್ನುತ್ತಾರೆ, ನಾನೇ ಬೇರೆಯವರಿಗೆ ಹಾಗೆ ಅಂದಿದ್ದೇನೆ.

ಕ್ಲಿಪ್ಪು ಹಾಕಬೇಕು, ಒಂದು, ಎರಡು, ಉಳಿದವನ್ನು ತುಟಿಯಲ್ಲಿ ಕಚ್ಚುವ ಮೊದಲು ಕೇಳಿಬಿಡು, ಕೇಳಿಬಿಡು — ಎಲ್ಲರೂ ಹೇಳಿಕೊಂಡಿದ್ದೆಲ್ಲ ತಲೇಲಿಟ್ಕೊಂಡು ನಿಮಗೆ ಭಾರ ಆಗಲ್ವಾ ಮೇಡಂ, ಅಂದೆ, ಕನ್ನಡಿಯಲ್ಲಿ ಕಣ್ಣು ತೆರೆದಳು, ಆಗತ್ತೆ ಅಕ್ಕಾ, ಅದಕ್ಕೇ ನಾನೂ ಒಬ್ರ ಹತ್ರ ಹೋಗ್ತೀನಿ, ಎಂದು ನಕ್ಕಳು, ಓಹೋ, ಇವಳಿಗೂ ಒಬ್ಬಳು, ಅವಳಿಗೂ ಒಬ್ಬಳು, ನನಗೆ ಯಾರೂ ಇಲ್ಲ, ಗಂಡಸರೂ ಬರ್ತಾರಾ ಮೇಡಂ, ಮರಗೆಲಸ, ಗಾರೆಗೆಲಸ, ಅಂಥವರು, ಎಂದು ಗಾಳ ಇಳಿಬಿಟ್ಟೆ, ಎಲ್ಲರೂ ಬರ್ತಾರೆ, ಅಂದಳು, ಮೀನು ಕಚ್ಚಲಿಲ್ಲ, ಬೀಗ ಹಾಕಿದ ಬಾಯಿ, ಒಳಗೆ ನನ್ನ ಮನೆಯ ಸಾಮಾನು — ಇಷ್ಟು ಹೊತ್ತಲ್ಲಿ ಬಂದ್ರಲ್ಲ, ಇವತ್ತು ರಜವಾ, ಅಂದೆ, ಇಲ್ಲ, ಈ ಹೊತ್ತಿಗೆ ಬರ್ಬೇಕಾದವ್ರು ಇವತ್ತು ಬರಲ್ಲ ಅಂದ್ರು, ಸಮಯ ಸಿಕ್ತು, ಅಂದಳು. ಈ ಹೊತ್ತು. ಗುರುವಾರದ ಈ ಹೊತ್ತು. ಮಧ್ಯಾಹ್ನ ನಾನು ಮನೆಯಿಂದ ಹೊರಡುವಾಗ ಚಪ್ಪಲಿ ಹುಡುಕುತ್ತಿದ್ದರಲ್ಲ, ನಡ್ಕೊಂಡು ಬರ್ತೀನಿ ಅಂದರಲ್ಲ, ಇಲ್ಲಿಗೂ ಬರದೆ ಎಲ್ಲಿಗೆ ಹೋದರು, ಇಷ್ಟು ದಿನ ಆ ಲೋಟ ಕಂಡರೆ ಉರಿಯುತ್ತಿದ್ದವಳು ಈಗ ಕನ್ನಡಿಯಲ್ಲಿ ಅದನ್ನೇ ಹುಡುಕುತ್ತಿದ್ದೇನೆ, ಕಟ್ಟೆ ಖಾಲಿ, ಜಗ್ಗು ಮಾತ್ರ ಇದೆ — ಕ್ಲಿಪ್ಪುಗಳನ್ನು ಬಾಯಿಗೆ ತುರುಕಿಕೊಂಡೆ, ಸಾಲಾಗಿ ಹಲ್ಲಲ್ಲಿ ಕಚ್ಚಿದೆ, ಆಗ ಕನ್ನಡಿಯಲ್ಲಿ ನನ್ನ ಬಾಗಿಲು ತೆರೆಯಿತು.

ಅವರೇ. ಬಾಗಿಲಲ್ಲಿ ನಿಂತರು, ಕನ್ನಡಿ ನೋಡಿದರು, ಕನ್ನಡಿಯಲ್ಲಿ ಇವಳನ್ನು ನೋಡಿದರು, ಇವಳು ಅವರನ್ನು, ನನ್ನ ಕೈಗಳ ಮೇಲಿಂದ, ನನ್ನ ಕತ್ತರಿಯ ಮೇಲಿಂದ ಒಂದು ನೋಟ ಹೋಯಿತು, ಬಂತು, ಲಿಫ್ಟಿನಲ್ಲಿ ಗುರುತಿಲ್ಲದವರಿಗೆ ತಲೆಯಾಡಿಸುವ ಹಾಗೆ ಇವಳು ಒಂಚೂರು ತಲೆಯಾಡಿಸಿದಳು, ಆಹಾ, ಎಂಥ ಮಾನಸ್ಥೆ, ಏನ್ರೀ ಇಲ್ಲಿ, ಊಟ ಮಾಡಿದ್ರಾ, ಎಲ್ಲಿಗೆ ಹೋಗಿದ್ರಿ, ಮುಖ ಯಾಕೆ ಹಾಗಿದೆ, ಎಲ್ಲ ಬಾಯಿಗೆ ಬಂತು, ಬಾಯಿ ತುಂಬ ಕ್ಲಿಪ್ಪು, ಮ್ಮ್ ಅಂದಿತು ಅಷ್ಟೇ. ಅವರು ಮೂಲೆಯ ಸ್ಟೂಲಿನಲ್ಲಿ ಕೂತರು. ಕೊನೆಯ ತುದಿ ಕತ್ತರಿಸಿದೆ, ಬಟ್ಟೆ ಕೊಡವಿದೆ, ಇವಳು ಎದ್ದಳು, ಚೆನ್ನಾಗಿದೆ ಅಕ್ಕಾ, ಬರ್ತೀನಿ, ಎಂದು ಅವರ ಕಡೆ ತಿರುಗದೆ ಹೋದಳು, ಬಾಗಿಲು ಮುಚ್ಚಿತು, ಕ್ಲಿಪ್ಪು ತೆಗೆಯಬಹುದಿತ್ತು, ಹಾಕಲಿಕ್ಕೆ ಎದುರಿಗೆ ತಲೆಯೂ ಇಲ್ಲ, ಆದರೆ ಅವರು ಎದ್ದು ಬಂದು ಅದೇ ಕುರ್ಚಿಯಲ್ಲಿ ಕೂತರು, ಇವಳ ಕೂದಲ ಚೂರುಗಳ ಮೇಲೆ ಕಾಲಿಟ್ಟು, ಕತ್ತರಿಸ್ತೀಯಾ, ತುಂಬ ಬೆಳೆದಿದೆ, ಅಂದರು, ಭಾವ ಹೋದಮೇಲೆ ನನ್ನ ಕೈಗೆ ತಲೆ ಕೊಟ್ಟಿರಲಿಲ್ಲ, ಬಟ್ಟೆ ಹೊದಿಸಲು ಹೋದೆ, ತಡಿ, ನೀರಿದ್ಯಾ, ಅಂದರು, ಕೊಟ್ಟೆ, ಕುಡಿದರು, ಗಂಟಲ ಗಂಟು ಏರಿತು ಇಳಿಯಿತು, ಖಾಲಿ ಲೋಟ ಎರಡು ಕೈಯಲ್ಲಿ ಹಿಡಿದುಕೊಂಡು ಕನ್ನಡಿಯಲ್ಲಿ ನನ್ನನ್ನಲ್ಲ, ನನ್ನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ನೋಡುತ್ತ, ಅಣ್ಣ ಮಲಗಿದಾನೆ ಅಂದ್ಕೊಂಡೆ ಕಣೇ, ಅಂದರು. ಮಷೀನು ಹಾಕ್ಬೇಕಿತ್ತು. ಪುಡಿ ಹಾರತ್ತೆ ಅಂತ ಮುಖದ ಮೇಲೆ ಟವೆಲ್ ಮುಚ್ಚಿದೆ. ನಾನೇ ಮುಚ್ಚಿದೆ. ಆಮೇಲೆ ಅವತ್ತು ಮಾಡ್ತಿದ್ದ ಬಾಗಿಲಿನ ಹಲಗೆ ಪೂರ್ತಿ ಕೊಯ್ದೆ.

ನೀವೇನ್ರೀ ಮಾಡಕ್ಕಾಗ್ತಿತ್ತು — ಬಂತು, ಹಲ್ಲಿನವರೆಗೆ ಬಂತು, ಅವರ ಆಯಸ್ಸು, ಉಸಿರು ಎಳ್ಕೊಳ್ಳಿ, ಎಲ್ಲ ಸಾಲಾಗಿ ಬಂದು ಕ್ಲಿಪ್ಪಿನ ಹಿಂದೆ ನಿಂತವು, ಕಚ್ಚಿದೆ, ಕಬ್ಬಿಣದ ರುಚಿ, ಇವಳಿಗೆ ಇದು ಯಾವಾಗಲೋ ಗೊತ್ತಿತ್ತು, ನನಗಿಂತ ಮೊದಲು, ಯಾವ ಗುರುವಾರ ಹೇಳಿದರೋ, ಇದೇ ಮಾತಲ್ಲೋ ಬೇರೆ ಮಾತಲ್ಲೋ, ಅಲ್ಲಿ ಅತ್ತರೋ, ಅವಳೂ ಅತ್ತಳೋ, ಮೊದಲು ಹೇಳಿದ್ದು ಅಲ್ಲಿ, ಇಲ್ಲಿಗೆ ಬಂದಿದ್ದು ಎರಡನೆಯ ಸಲ, ನನಗೆ ಎರಡನೆಯದು, ಆದರೆ ಇವತ್ತು ಅಲ್ಲಿಗೆ ಬರಲ್ಲ ಅಂದವರು ಇಲ್ಲಿ ಕೂತಿದ್ದಾರೆ, ಬಿಳಿ ಬಟ್ಟೆ ನನ್ನ ಕೈಯಲ್ಲಿದೆ, ಹೊದಿಸಲೋ ಬೇಡವೋ, ಅವರ ಕೈ ಮುಂದೆ ಹೋಯಿತು, ಕನ್ನಡಿಯ ಕೆಳಗಿನ ಹಲಗೆಯಲ್ಲಿ ಬಾಚಣಿಗೆಗಳನ್ನು ಬೆರಳಿಂದ ಪಕ್ಕಕ್ಕೆ ಸರಿಸಿತು, ಜಾಗ ಮಾಡಿತು, ಸದ್ದಾಗದ ಹಾಗೆ ಇಟ್ಟಿತು — ಲೋಟ, ಬೋರಲು, ನನ್ನ ಬಾಚಣಿಗೆಗಳ ನಡುವೆ, ಕನ್ನಡಿಯಲ್ಲೊಂದು, ಹೊರಗೊಂದು, ಒಳಗೋಡೆಯಿಂದ ಕೊನೆಯ ಹನಿ ಇಳಿದು ಅಂಚಿನ ಸುತ್ತ ಹಲಗೆಯ ಮೇಲೆ ನೀರಿನ ಉಂಗುರ, ಒಳಗೆ ಏನೂ ಬೀಳದ ಹಾಗೆ, ಬೋರಲು, ಲೋಟ